ಮಧ್ಯಾಹ್ನ ಮೂರಕ್ಕೂ ತಂಪಾಗಿರುವ ಮನೆ: ಚಿತ್ರದುರ್ಗದಲ್ಲಿ ನನ್ನ ಅನುಭವ

2022ರ ಏಪ್ರಿಲ್‌ನಲ್ಲಿ ಒಂದು ಫೋನ್ ಬಂತು. ಆರು ವರ್ಷದ ಹಿಂದೆ ನನ್ನಿಂದ ಮನೆ ತಗೊಂಡವರು. "ಸಾರ್, ಮೇಲಿನ ರೂಮಲ್ಲಿ ಮಲಗೋಕೆ ಆಗ್ತಿಲ್ಲ. ಮಕ್ಕಳನ್ನ ಕರ್ಕೊಂಡು ತಾರಸಿ ಮೇಲೆ ಮಲಗ್ತಿದ್ದೀವಿ. ಎಸಿ ಯಾವ ಗೋಡೆಗೆ ಹಾಕಿಸಬಹುದು?" ಎಂದು ಕೇಳಿದರು. ಅವರು ದೂರು ಹೇಳಲು ಫೋನ್ ಮಾಡಿರಲಿಲ್ಲ. ಆದರೂ ನನಗೆ ಸಂಕಟವಾಯಿತು. ಆ ಮನೆಯ ಪ್ಲಾನ್ ನನ್ನದು. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇಟ್ಟವನು ನಾನೇ. ಐದು ಇಂಚಿನ ಆರ್‌ಸಿಸಿಯನ್ನು ಬಿಸಿಲಿಗೆ ಹಾಗೇ ಬಿಟ್ಟವನೂ ನಾನೇ.

ನಮ್ಮ ಅಜ್ಜಿಯ ಊರು ಚಳ್ಳಕೆರೆ ಕಡೆ. ಅವರದು ಮಾಳಿಗೆ ಮನೆ. ದಪ್ಪ ಮಣ್ಣಿನ ಗೋಡೆ, ತೊಲೆ, ಜಂತೆ, ಅದರ ಮೇಲೆ ಮತ್ತೆ ಮಣ್ಣು. ಮಳೆಗಾಲಕ್ಕೆ ಮುಂಚೆ ಚೌಳು ಮಣ್ಣು ತಂದು ಮಾಳಿಗೆ ಮೇಲೆ ಹರಡುತ್ತಿದ್ದರು. ಒಳಗೆ ಬೆಳಕು ಕಮ್ಮಿ, ನಿಜ. ಆದರೆ ಬೇಸಿಗೆ ಮಧ್ಯಾಹ್ನ ನೆಲದ ಮೇಲೆ ಸುಮ್ನೆ ಮಲಗಿದರೆ ಸಾಕು, ನಿದ್ದೆ ಬರುತ್ತಿತ್ತು. ಇಂಜಿನಿಯರಿಂಗ್ ಮುಗಿಸಿ ನಾನು ಕಟ್ಟಿದ ಮೊದಲ ಮನೆ, ಅದನ್ನು ಕೆಡವಿದ ಜಾಗದಲ್ಲೇ ಕಟ್ಟಿದ್ದು.

2023ರಲ್ಲಿ ಊರ ಹೊರಗೆ ಒಟ್ಟಿಗೆ ನಾಲ್ಕು 30×40 ಸೈಟು ಸಿಕ್ಕವು. ಈ ಸಲ ಬೇರೆ ರೀತಿ ಕಟ್ಟಬೇಕು ಎಂದು ತೀರ್ಮಾನಿಸಿದೆ. ಪರಿಸರಕ್ಕೆ ಒಗ್ಗುವ ಕಟ್ಟಡಗಳಿಗೆ ಕೊಡುವ ಐಜಿಬಿಸಿ, ಗೃಹ ಎಂಬ ಎರಡು ಹಸಿರು ರೇಟಿಂಗ್‌ಗಳ ಕಾಗದಗಳನ್ನು ಓದಿದೆ. 2500 ಚದರ ಮೀಟರ್‌ಗಿಂತ ಚಿಕ್ಕ ಕಟ್ಟಡಗಳಿಗೆ 'ಸ್ವಗೃಹ' ಎಂಬ ಸಣ್ಣ ರೇಟಿಂಗ್ ಕೂಡ ಇದೆ. ವಸತಿ ಕಟ್ಟಡಗಳಿಗೆ ಕೇಂದ್ರ ಸರ್ಕಾರದ ಇಂಧನ ಸಂಹಿತೆ 'ಇಕೋ ನಿವಾಸ್' 2018ರಲ್ಲಿ ಬಂದಿದೆ. ಆದರೆ ಅದು 500 ಚದರ ಮೀಟರ್‌ಗಿಂತ ದೊಡ್ಡ ಸೈಟುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ನಮ್ಮ 30×40 ಅಂದರೆ ಬರೀ 111 ಚದರ ಮೀಟರ್. ಚಿಕ್ಕ ಊರುಗಳಲ್ಲಿ ಏಳುವ ಮನೆಗಳೆಲ್ಲ ಹೆಚ್ಚುಕಡಿಮೆ ಇಷ್ಟೇ ಅಲ್ವಾ? ಸರ್ಟಿಫಿಕೇಟಿನ ಆಸೆ ಬಿಟ್ಟೆ. ಗೋಡೆ, ಸೂರು, ನೀರು ಈ ಮೂರನ್ನು ಸರಿಯಾಗಿ ಮಾಡೋಣ ಎಂದುಕೊಂಡೆ.

ಗೋಡೆಗೆ ಒತ್ತಿದ ಮಣ್ಣಿನ ಬ್ಲಾಕ್ ಆರಿಸಿಕೊಂಡೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಮಣ್ಣಿಗೆ ಶೇ. 7ರಿಂದ 8ರಷ್ಟು ಸಿಮೆಂಟ್ ಬೆರೆಸಿ, ಕೈಯಲ್ಲಿ ಎಳೆಯುವ ಯಂತ್ರದಲ್ಲಿ ಒತ್ತಿ, ಮೂರು ವಾರ ನೀರು ಹಾಕಬೇಕು. ಸುಡುವ ಕೆಲಸ ಇಲ್ಲ, ಹಾಗಾಗಿ ಸೌದೆಯೂ ಬೇಡ, ಹೊಗೆಯೂ ಇಲ್ಲ. ನಮ್ಮ ಬ್ಲಾಕಿನ ಅಳತೆ 230×190×100 ಮಿಲಿಮೀಟರ್. ಒಂದು ಬ್ಲಾಕ್ ಎರಡು ಇಟ್ಟಿಗೆಗಿಂತ ಜಾಸ್ತಿ ಜಾಗ ತುಂಬುತ್ತದೆ.

ಮೊದಲನೇ ಸಲ ಒತ್ತಿದ ಮುನ್ನೂರು ಬ್ಲಾಕ್ ಪೂರಾ ಹಾಳಾದವು. ತಪ್ಪು ನನ್ನದು. ಪಾಯ ಅಗೆದಾಗ ಬಂದ ಕೆಂಪು ಮಣ್ಣು ನೋಡಲು ಚೆನ್ನಾಗಿತ್ತು. ಪರೀಕ್ಷೆ ಮಾಡದೆ ಒತ್ತಿಸಿಬಿಟ್ಟೆ. ವಾರದೊಳಗೆ ಬಿರುಕು ಬಿಟ್ಟವು. ಒಂದನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಟ್ಟು ಬೆಳಿಗ್ಗೆ ಎತ್ತಿದರೆ, ಮೂಲೆ ಕೈಯಲ್ಲೇ ಉದುರಿತು. ಆಮೇಲೆ ಗಾಜಿನ ಬಾಟಲಿಯಲ್ಲಿ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಇಟ್ಟೆ. ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ. ಜೇಡಿಯ ಪದರ ಬಹಳ ದಪ್ಪ ಇತ್ತು. ಜೇಡಿ ಜಾಸ್ತಿಯಾದರೆ ಒಣಗುವಾಗ ಮಣ್ಣು ಕುಗ್ಗಿ ಸೀಳುತ್ತದೆ. ಹತ್ತಿರದ ಕ್ರಷರ್‌ನಿಂದ ಕಲ್ಲುಪುಡಿ ತರಿಸಿ ಬೆರೆಸಿದೆವು. ಎರಡು ಸಲ ಅಳತೆ ಬದಲಿಸಿ, ಮೂರನೇ ಸಲ ಸರಿಹೋಯಿತು. ನೀವೂ ಈ ಕೆಲಸ ಮಾಡುವುದಾದರೆ, ಯಂತ್ರ ತರುವ ಮೊದಲು ಬಾಟಲಿ ತಗೊಳ್ಳಿ. ಮೇಲಿನ ಒಂದಡಿ ಮಣ್ಣನ್ನು ಬಳಸಬೇಡಿ. ಅದರಲ್ಲಿ ಬೇರು, ಗೊಬ್ಬರ ಇರುತ್ತದೆ. ಅದನ್ನು ಗಿಡಗಳಿಗೆ ತೆಗೆದಿಡಿ.

ಸೂರಿನ ಕೆಲಸಕ್ಕೆ ಬಂದಾಗ ನಮ್ಮ ಮೇಸ್ತ್ರಿ ಒಪ್ಪಲಿಲ್ಲ. ಮೂವತ್ತು ವರ್ಷದಿಂದ ಆರ್‌ಸಿಸಿ ಹಾಕುತ್ತಿರುವವರು. "ಕಾಂಕ್ರೀಟ್ ಮಧ್ಯೆ ಹೆಂಚು ಇಟ್ಟರೆ ಸೂರು ನಿಲ್ಲುತ್ತಾ ಸಾರ್? ನಾಳೆ ಏನಾದ್ರೂ ಆದ್ರೆ ನನ್ನ ಹೆಸರು ಕೆಡುತ್ತೆ" ಎಂದರು. ಅವರ ಭಯ ನ್ಯಾಯವಾದದ್ದೇ. ಕೂತು ಚಿತ್ರ ಬರೆದು ತೋರಿಸಿದೆ. ಸೂರು ಭಾರಕ್ಕೆ ಬಾಗುವಾಗ ಮೇಲಿನ ಭಾಗ ಒತ್ತಿಕೊಳ್ಳುತ್ತದೆ, ಕೆಳಗಿನ ಭಾಗ ಎಳೆದುಕೊಳ್ಳುತ್ತದೆ. ಎಳೆತ ತಡೆಯುವುದು ಕಬ್ಬಿಣ. ಕೆಳಗಿರುವ ಕಾಂಕ್ರೀಟು ಕಬ್ಬಿಣವನ್ನು ಹಿಡಿದುಕೊಂಡಿದ್ದರೆ ಸಾಕು. ಹಾಗಾಗಿ ಕಬ್ಬಿಣದ ಚೌಕಗಳ ಮಧ್ಯೆ ಎರಡೆರಡು ಮಂಗಳೂರು ಹೆಂಚು ಜೋಡಿಸಿ ಕಾಂಕ್ರೀಟು ಉಳಿಸಬಹುದು. ಹೆಂಚುಗಳ ನಡುವೆ ಉಳಿಯುವ ಗಾಳಿ ಬಿಸಿಯನ್ನು ತಡೆಯುತ್ತದೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಇಂಥ ಸೂರುಗಳನ್ನು ಎಷ್ಟೋ ಮನೆಗಳಿಗೆ ಹಾಕಿದ್ದರು. ಕಬ್ಬಿಣದ ಲೆಕ್ಕವನ್ನು ನಾನೊಬ್ಬನೇ ಮಾಡಲಿಲ್ಲ, ಸ್ಟ್ರಕ್ಚರಲ್ ಇಂಜಿನಿಯರ್ ಕೈಲಿ ಮಾಡಿಸಿದೆ. ಸೆಂಟ್ರಿಂಗ್ ಬಿಚ್ಚಿದ ದಿನ ಮೇಸ್ತ್ರಿ ಕೆಳಗೆ ನಿಂತು ಹೆಂಚಿನ ಸಾಲು ನೋಡುತ್ತಾ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದಕ್ಕೆ ಗಿಲಾವು ಮಾಡೋದು ಬೇಡ ಸಾರ್" ಎಂದರು. ಮಾಡಲಿಲ್ಲ.

ತಾರಸಿಗೆ ಬಿಳಿ ಸುಣ್ಣ ಹೊಡೆಸಿದೆವು. ಇದಕ್ಕೆ ತಗುಲುವ ಖರ್ಚು ತೀರಾ ಕಮ್ಮಿ. ಹಳೇ ಮನೆ ಇರುವವರು ಬೇರೇನೂ ಮಾಡಲಾಗದಿದ್ದರೆ ಇದೊಂದನ್ನಾದರೂ ಮಾಡಿ. ಪ್ರತಿ ಬೇಸಿಗೆಗೆ ಮುಂಚೆ ಮತ್ತೆ ಹೊಡೆಸಬೇಕು, ಅಷ್ಟೇ.

ವಾಸ್ತು ಬಿಡಲು ಯಾರೂ ಒಪ್ಪುವುದಿಲ್ಲ. ಯಜಮಾನರ ಕೋಣೆ ನೈಋತ್ಯಕ್ಕೇ ಬರಬೇಕು, ಮಧ್ಯಾಹ್ನದ ಬಿಸಿಲು ಜಾಸ್ತಿ ಬೀಳುವುದೂ ಅಲ್ಲೇ. ಆ ಕೋಣೆಗೆ ಪಶ್ಚಿಮದಲ್ಲಿ ಚಿಕ್ಕ ಕಿಟಕಿ, ಅಗಲವಾದ ಸಜ್ಜಾ ಕೊಟ್ಟು, ಹೊರಗೆ ಹೊಂಗೆ ಗಿಡ ನೆಟ್ಟೆ. ಮೆಟ್ಟಿಲನ್ನೂ ಪಶ್ಚಿಮದ ಗೋಡೆಗೇ ತಂದೆ.

ನೀರಿನ ವಿಷಯಕ್ಕೆ ಬಂದರೆ ನನಗೆ ಹೇಳಿದಷ್ಟೂ ಸಾಲದು. ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಮಿತಿ ಇದೆ. ದಾಟಿದ ಊರುಗಳ ಮಕ್ಕಳ ಹಲ್ಲಿನ ಕಲೆ ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮಳೆನೀರಿನಲ್ಲಿ ಆ ತೊಂದರೆ ಇಲ್ಲ. ಆದರೂ ಆ ನೀರನ್ನು ಚರಂಡಿಗೆ ಬಿಟ್ಟು, ಸಾವಿರ ಅಡಿ ಕೊರೆಸಲು ಓಡುತ್ತೇವೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮನೆಗಳ ಸೂರು ತಲಾ 84 ಚದರ ಮೀಟರ್. ವರ್ಷಕ್ಕೆ 550 ಮಿಲಿಮೀಟರ್ ಮಳೆ ಎಂದು ಹಿಡಿದು, ಐದರಲ್ಲೊಂದು ಪಾಲು ಪೋಲಾಗುತ್ತದೆ ಎಂದುಕೊಂಡರೂ 37 ಸಾವಿರ ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಸಾಕು. ಹಾಗಾಗಿ ಮಳೆನೀರಿಗೇ ಅಂತ 10 ಸಾವಿರ ಲೀಟರಿನ ಬೇರೆ ಸಂಪು ಕಟ್ಟಿಸಿದೆ. ಒಂದು ಸಲ ತುಂಬಿದರೆ ವರ್ಷ ದಾಟುತ್ತದೆ. ಮೊದಲ ಮಳೆಯ ನೀರು ಹೊರಗೆ ಹೋಗಲು ಒಂದು ವಾಲ್ವ್, ಆಮೇಲೆ ಜಲ್ಲಿ, ಮರಳು, ಇದ್ದಿಲಿನ ಫಿಲ್ಟರ್. ಕುದಿಸಿ ಕುಡಿಯಿರಿ ಎಂದು ನಾಲ್ಕೂ ಮನೆಯವರಿಗೆ ಹೇಳಿದ್ದೇನೆ.

ಸಂಪು ತುಂಬಿದ ಮೇಲೆ ನೀರು ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಕೋಟೆಯಲ್ಲೇ ಇತ್ತು. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆಹೊಂಡ. ಚಿಕ್ಕಂದಿನಿಂದ ನೋಡಿದ್ದರೂ ಅದರ ಲೆಕ್ಕಾಚಾರ ಹೊಳೆದಿರಲಿಲ್ಲ. ನಾಲ್ಕು ಸೈಟೂ ಇಳಿಜಾರಿನಲ್ಲಿದ್ದವು. ಮೇಲಿನ ಮನೆಯ ಸಂಪು ತುಂಬಿದರೆ ಕೆಳಗಿನ ಮನೆಯ ಸಂಪಿಗೆ, ಕೊನೆಯ ಮನೆಯಿಂದ ಬೋರ್‌ವೆಲ್ ಪಕ್ಕದ ಇಂಗುಗುಂಡಿಗೆ ಪೈಪ್ ಎಳೆಸಿದೆ.

ಸೋಲಾರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗೃಹಜ್ಯೋತಿಯಲ್ಲಿ ಬಿಲ್ಲೇ ಬರದವರಿಗೆ ಪ್ಯಾನಲ್ ಯಾಕೆ ಎಂದು ಕೇಳುತ್ತಾರೆ, ಸಹಜ. ಮುಂದೆ ಬೇಕಾದರೆ ಇರಲಿ ಎಂದು ತಾರಸಿಯಲ್ಲಿ ನೆರಳು ಬೀಳದ ಜಾಗ ಮತ್ತು ವೈರಿಗೆ ಮೀಟರ್‌ವರೆಗಿನ ಪೈಪ್ ಮಾತ್ರ ಇಟ್ಟೆ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು, ಮೂರು ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಸಿಕ್ಕಾಗ ಇಬ್ಬರು ಹಾಕಿಸಿಕೊಂಡರು. ಗೋಡೆ ಒಡೆಯುವ ಕೆಲಸ ಬರಲಿಲ್ಲ.

ಮಾರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಮೊದಲು ಬಂದ ಹಿರಿಯರು ಗೋಡೆ ಮುಟ್ಟಿ ನೋಡಿ, "ಮಣ್ಣಿನ ಮನೆಯಿಂದ ಹೊರಗೆ ಬರೋಕೇ ನಾನು ಇಷ್ಟು ವರ್ಷ ದುಡಿದಿದ್ದು ಕಣಪ್ಪಾ" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬರ ಸಾಲದ ಅರ್ಜಿಗೆ ಬ್ಯಾಂಕಿನ ಕಡೆಯಿಂದ ಬಂದವರು 'ಮಣ್ಣಿನ ಗೋಡೆ' ಎಂದು ಬರೆದು, ಬೆಲೆ ಇಳಿಸಿಬಿಟ್ಟರು. ಬ್ಲಾಕುಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ, ಮಣ್ಣಿನ ಬ್ಲಾಕಿಗೇ ಇರುವ ಐಎಸ್ 1725 ಮಾನದಂಡದ ಪ್ರತಿ ಜೊತೆಗಿಟ್ಟು ಕೊಟ್ಟೆ. ಸಾಲ ಸಿಗಲು ಮೂರು ವಾರ ತಡವಾಯಿತು. ಈಗ ಒತ್ತುವ ಮೊದಲ ವಾರವೇ ಪರೀಕ್ಷೆಗೆ ಬ್ಲಾಕ್ ಎತ್ತಿಡುತ್ತೇನೆ.

ಆಮೇಲೆ ಒಂದು ಪದ್ಧತಿ ಮಾಡಿಕೊಂಡೆ. ಮನೆ ನೋಡಲು ಬರುವವರನ್ನು ಮಧ್ಯಾಹ್ನ ಮೂರಕ್ಕೇ ಕರೆಯುತ್ತಿದ್ದೆ. ಒಳಗೊಂದು ಥರ್ಮಾಮೀಟರ್ ತೂಗುಹಾಕಿದ್ದೆ. ಅಂಥದ್ದೇ ಇನ್ನೊಂದನ್ನು ಅದೇ ರಸ್ತೆಯ ಗೆಳೆಯನ ಮನೆಯಲ್ಲಿ ಇಟ್ಟಿದ್ದೆ. ಎರಡಕ್ಕೂ ನಾಲ್ಕು ಡಿಗ್ರಿವರೆಗೆ ವ್ಯತ್ಯಾಸ ಬರುತ್ತಿತ್ತು. ಆದರೆ ಅಂಕಿ ನೋಡಿ ಯಾರೂ ಮನಸ್ಸು ಮಾಡಲಿಲ್ಲ. ಹೊರಗಿನ ಬಿಸಿಲಿಂದ ಒಳಗೆ ಬಂದು ಹತ್ತು ನಿಮಿಷ ನೆಲದ ಮೇಲೆ ಕೂತವರೇ ತಗೊಂಡರು. ಒಟ್ಟು ಖರ್ಚು ಮಾಮೂಲಿ ಮನೆಗಿಂತ ಶೇ. 4ರಷ್ಟು ಜಾಸ್ತಿಯಾಯಿತು. ಗೋಡೆಯಲ್ಲಿ ಉಳಿದದ್ದು ಸಂಪಿಗೆ ಹೋಯಿತು.

ಈಗ ದಾವಣಗೆರೆ ಹತ್ತಿರ ಒಂದು ಮನೆಯ ಕೆಲಸ ಹಿಡಿದಿದ್ದೇನೆ. ಅಲ್ಲಿ ಎರೆ ಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಸೀಳುತ್ತದೆ. ಬ್ಲಾಕಿಗೆ ಆಗುವುದಿಲ್ಲ. ದುರ್ಗದಿಂದ ಲಾರಿಯಲ್ಲಿ ಕೆಂಪು ಮಣ್ಣು ಹೊರಿಸಿದರೆ ಡೀಸೆಲ್ ಸುಟ್ಟಂತಾಗುತ್ತದೆ, ಅದು ನನಗೆ ಬೇಡ. ಅಲ್ಲೇ ಸಿಗುವ ಇಟ್ಟಿಗೆಯನ್ನು ನಿಲ್ಲಿಸಿ ಜೋಡಿಸಿ, ಮಧ್ಯೆ ಪೊಳ್ಳು ಬಿಟ್ಟು ಗೋಡೆ ಎಬ್ಬಿಸುವುದು ಎಂದಾಗಿದೆ. ಹಾಗೆ ಕಟ್ಟಿದರೆ ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ. ಮೇಸ್ತ್ರಿ ಅವರೇ. ಹೋದ ಭಾನುವಾರ ಮನೆ ಹಿತ್ತಲಲ್ಲಿ ನಾಲ್ಕಡಿ ಗೋಡೆ ಕಟ್ಟಿ, ಫೋಟೋ ಕಳಿಸಿದ್ದಾರೆ.