ದಾನಿ ಸಂಸ್ಥೆಯ ಹಣ, ವಿಶ್ವವಿದ್ಯಾಲಯದ ಕಡತ: ಆಫ್ರಿಕಾದ ಯೋಜನೆಗಳಲ್ಲಿ ಖರೀದಿ ನಡೆಸುವ ಬಗೆ

ಉಗಾಂಡಾದ ರಾಜಧಾನಿ ಕಂಪಾಲಾದ ಒಂದು ವಿಶ್ವವಿದ್ಯಾಲಯಕ್ಕೆ ಮೈನಸ್ 80 ಡಿಗ್ರಿಯ ಫ್ರೀಜರ್ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಹಣ ವಿದೇಶಿ ಅನುದಾನದ್ದು, ಯೋಜನೆಯ ಅವಧಿ 4 ವರ್ಷ, ಫ್ರೀಜರ್ ಬರುವ ತನಕ ರಕ್ತದ ಮಾದರಿಗಳ ಸಂಗ್ರಹವನ್ನು ಆರಂಭಿಸುವಂತಿಲ್ಲ. ಮುಖ್ಯ ಸಂಶೋಧಕರ ಲೆಕ್ಕದಲ್ಲಿ ಇದು 2 ತಿಂಗಳ ಕೆಲಸ. ಖರೀದಿ ಅಧಿಕಾರಿಯ ಲೆಕ್ಕದಲ್ಲಿ, ಎಲ್ಲವೂ ಸರಾಗವಾಗಿ ನಡೆದರೂ, 9 ಅಥವಾ 10 ತಿಂಗಳು. ಇಬ್ಬರೂ ಯೋಜನೆಯ ಮೊದಲ ವಾರದಲ್ಲೇ ಒಂದೇ ಮೇಜಿನ ಮುಂದೆ ಕುಳಿತು ಈ ಎರಡು ಲೆಕ್ಕಗಳನ್ನು ಹೊಂದಿಸಿಕೊಳ್ಳದಿದ್ದರೆ, ಮೂರನೆಯ ವರ್ಷದಲ್ಲಿ ಹಣ ಉಳಿದಿರುತ್ತದೆ, ಸಮಯ ಉಳಿದಿರುವುದಿಲ್ಲ. ಮುಂದೆ ಬರೆದಿರುವುದೆಲ್ಲ ಆ ಮೇಜಿನ ಮೇಲೆ ಇರಬೇಕಾದ ವಿಷಯಗಳು.

ಯಾರ ನಿಯಮ ನಡೆಯುತ್ತದೆ?

ಟೆಂಡರ್ ದಾಖಲೆಗೆ ಕೈಹಾಕುವ ಮೊದಲು ಅನುದಾನದ ಒಪ್ಪಂದವನ್ನು ಪೂರ್ತಿ ಓದಿ, ಅದಕ್ಕೆ ಸಹಿ ಹಾಕಿದವರು ಯಾರು ಎಂಬುದನ್ನು ಗುರುತು ಹಾಕಿಕೊಳ್ಳಿ. ಇದು ಸಣ್ಣ ವಿಷಯವೆಂದು ಕಂಡರೂ ಉಳಿದೆಲ್ಲವೂ ಇದರ ಮೇಲೆ ನಿಂತಿದೆ. ಸರ್ಕಾರವೇ ವಿಶ್ವಬ್ಯಾಂಕಿನೊಂದಿಗೆ ಒಪ್ಪಂದ ಮಾಡಿಕೊಂಡು ವಿಶ್ವವಿದ್ಯಾಲಯಕ್ಕೆ ಹಣ ಹರಿಸಿದ್ದರೆ ಬ್ಯಾಂಕಿನ ಖರೀದಿ ನಿಯಮಾವಳಿಯೇ ಮುಖ್ಯವಾಗುತ್ತದೆ. 2016ರ ಜುಲೈನಿಂದ ಜಾರಿಯಲ್ಲಿರುವ ನಿಯಮಾವಳಿ ಅದು. ಕೀನ್ಯಾದ 2015ರ ಸಾರ್ವಜನಿಕ ಖರೀದಿ ಮತ್ತು ಆಸ್ತಿ ವಿಲೇವಾರಿ ಕಾಯ್ದೆಯೂ ಉಗಾಂಡಾದ 2003ರ ಕಾಯ್ದೆಯೂ ಅಂತರರಾಷ್ಟ್ರೀಯ ಒಪ್ಪಂದದೊಂದಿಗೆ ವಿರೋಧ ಬಂದಾಗ ಆ ಒಪ್ಪಂದಕ್ಕೇ ದಾರಿ ಬಿಡುತ್ತವೆ. ಆದರೆ ಯೂರೋಪಿನ ಒಂದು ವಿಶ್ವವಿದ್ಯಾಲಯ ತನ್ನ ಅನುದಾನದ ಒಂದು ಪಾಲನ್ನು ನಿಮ್ಮ ವಿಭಾಗಕ್ಕೆ ಉಪ-ಅನುದಾನವಾಗಿ ಕೊಟ್ಟಿದ್ದರೆ ಅಲ್ಲಿ ಸರ್ಕಾರದ ಸಹಿಯೇ ಇರುವುದಿಲ್ಲ. ಆಗ ಸಾರ್ವಜನಿಕ ವಿಶ್ವವಿದ್ಯಾಲಯವು ದೇಶದ ಕಾಯ್ದೆಯನ್ನು ಸಂಪೂರ್ಣವಾಗಿ ಪಾಲಿಸಬೇಕು, ಅದರ ಮೇಲೆ ದಾನಿಯ ಷರತ್ತುಗಳನ್ನೂ ಪಾಲಿಸಬೇಕು. 'ದಾನಿಯ ಹಣ ತಾನೆ, ನಮ್ಮ ಕಾಯ್ದೆ ಅನ್ವಯವಾಗುವುದಿಲ್ಲ' ಎಂಬ ಮಾತನ್ನು ವಿಭಾಗಗಳಲ್ಲಿ ಆಗಾಗ ಕೇಳಬಹುದು; ಆ ಮಾತಿಗೆ ಒಪ್ಪಂದದಲ್ಲಿ ಆಧಾರವಿದೆಯೇ ಎಂದು ಕೇಳಿ, ಉತ್ತರವನ್ನು ಕಡತದಲ್ಲಿ ಬರೆಸಿ ಇಟ್ಟುಕೊಳ್ಳಿ. ಎರಡೂ ನಿಯಮಗಳು ಅನ್ವಯಿಸುವಲ್ಲಿ ಹೆಚ್ಚು ಬಿಗಿಯಾದುದನ್ನು ಅನುಸರಿಸುವುದು ಕ್ಷೇಮ.

ಪ್ರತಿ ದಾನಿಯ ಒಪ್ಪಂದದಲ್ಲೂ ಒಂದೆರಡು ಮುಳ್ಳುಗಳಿರುತ್ತವೆ. ಯೂರೋಪಿಯನ್ ಒಕ್ಕೂಟದ ಸಂಶೋಧನಾ ಕಾರ್ಯಕ್ರಮವಾದ ಹೊರೈಜನ್ ಯೂರೋಪ್ ಅನುದಾನದಲ್ಲಿ ಉಪಕರಣದ ಪೂರ್ತಿ ಬೆಲೆಯನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಯೋಜನೆಯ ಅವಧಿಯೊಳಗೆ ಬರುವ ಸವಕಳಿಯನ್ನಷ್ಟೇ, ಅಂದರೆ ಬಳಕೆಯಿಂದ ಇಳಿಯುವ ಬೆಲೆಯ ಪಾಲನ್ನಷ್ಟೇ, ಒಪ್ಪುತ್ತಾರೆ. ಕೊನೆಯ ವರ್ಷದಲ್ಲಿ ಕೊಂಡ ಯಂತ್ರದ ಬಹುಭಾಗ ವಿಶ್ವವಿದ್ಯಾಲಯದ ತಲೆಯ ಮೇಲೇ ಬೀಳುತ್ತದೆ. ಅಮೆರಿಕದ ಫೆಡರಲ್ ಅನುದಾನದಲ್ಲಿ 2020ರ ಆಗಸ್ಟ್‌ನಿಂದ ಹುವಾವೇ ಮತ್ತು ಝಡ್‌ಟಿಇ ದೂರಸಂಪರ್ಕ ಉಪಕರಣಗಳನ್ನೂ, ಭದ್ರತೆಯ ಉದ್ದೇಶಕ್ಕೆ ಬಳಸುವ ಹೈಕ್‌ವಿಷನ್ ಮತ್ತು ದಹುವಾ ಕ್ಯಾಮೆರಾಗಳನ್ನೂ ಕೊಳ್ಳುವಂತಿಲ್ಲ. ಆಫ್ರಿಕಾದ ಅನೇಕ ನಗರಗಳ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಇವೇ ಆದ್ದರಿಂದ, ಪ್ರಯೋಗಾಲಯದ ಕಟ್ಟಡ ಕಟ್ಟುವ ಗುತ್ತಿಗೆದಾರ ತಿಳಿಯದೆಯೇ ಅವನ್ನು ತಂದು ಗೋಡೆಗೆ ಕೂರಿಸಿಬಿಡಬಹುದು. ಈ ಷರತ್ತನ್ನು ಕಟ್ಟಡದ ಟೆಂಡರಿನಲ್ಲೇ ಬರೆಯಬೇಕು, ನಂತರದ ಪತ್ರದಲ್ಲಿ ಅಲ್ಲ.

ಸಹಿಯ ಅಧಿಕಾರವನ್ನೂ ಇದೇ ಹಂತದಲ್ಲಿ ತಿಳಿದುಕೊಳ್ಳಿ. ಉಗಾಂಡಾದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಲೆಕ್ಕಾಧಿಕಾರದ ಹೊಣೆ, ಅಂದರೆ ವೆಚ್ಚಕ್ಕೆ ಉತ್ತರ ಹೇಳುವ ಹೊಣೆ, ವಿಶ್ವವಿದ್ಯಾಲಯದ ಕಾರ್ಯದರ್ಶಿಯದು, ಕೀನ್ಯಾದಲ್ಲಿ ಅದು ಕುಲಪತಿಯದು. ಉಗಾಂಡಾದ ಕಾಯ್ದೆಯಲ್ಲಿ ವಸ್ತುವನ್ನು ಬಳಸುವ ವಿಭಾಗ, ಖರೀದಿ ಘಟಕ, ಗುತ್ತಿಗೆ ಸಮಿತಿ ಮತ್ತು ಮೌಲ್ಯಮಾಪನ ಸಮಿತಿ ಬೇರೆ ಬೇರೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಮಾಡುವಂತಿಲ್ಲ. ಮುಖ್ಯ ಸಂಶೋಧಕರು ಎಷ್ಟೇ ಹಿರಿಯರಾಗಿದ್ದರೂ ಪೂರೈಕೆದಾರರಿಗೆ ಅವರೇ ಆದೇಶ ಕಳುಹಿಸಿದರೆ ಆ ವೆಚ್ಚ ಅಮಾನ್ಯವಾಗುವ ಅಪಾಯವಿದೆ.

ಕೊನೆಯ ದಿನದಿಂದ ಹಿಂದಕ್ಕೆ ಎಣಿಸುವುದು

ಈಗ ಫ್ರೀಜರಿಗೆ ಬರೋಣ. ಒಂದೇ ಫ್ರೀಜರ್ ಆದರೆ ದರಪಟ್ಟಿ ತರಿಸಿ ಮುಗಿಸಬಹುದು. ಅದರ ಜತೆಗೆ ಡಿಎನ್ಎ ಸೀಕ್ವೆನ್ಸರ್ (ಡಿಎನ್ಎ ಸರಣಿಯನ್ನು ಓದುವ ಯಂತ್ರ) ಮೊದಲಾದವು ಸೇರಿ ಮುಕ್ತ ಅಂತರರಾಷ್ಟ್ರೀಯ ಟೆಂಡರ್ ಬೇಕಾಯಿತು ಎನ್ನಿ. ಮಾದರಿ ಸಂಗ್ರಹ ಆರಂಭವಾಗಬೇಕಾದ ದಿನವನ್ನು ಹಾಳೆಯ ಬಲತುದಿಯಲ್ಲಿ ಬರೆದುಕೊಂಡು ಎಡಕ್ಕೆ ಸಾಗಿ. ಅಳವಡಿಕೆಗೂ ತರಬೇತಿಗೂ 2 ವಾರ, ಕಸ್ಟಮ್ಸ್‌ಗೆ 3 ವಾರ, ತಯಾರಿಕೆಗೂ ಸಾಗಣೆಗೂ 3 ತಿಂಗಳು, ಕರಾರಿಗೂ ಪೂರೈಕೆದಾರನಿಗೆ ಬ್ಯಾಂಕ್ ಕೊಡುವ ಪಾವತಿಯ ಭರವಸೆ ಪತ್ರಕ್ಕೂ (ಲೆಟರ್ ಆಫ್ ಕ್ರೆಡಿಟ್) 1 ತಿಂಗಳು ಹಿಡಿಯಿರಿ. ಅದಕ್ಕೂ ಮೊದಲು ತಡೆ ಅವಧಿ ಇದೆ: ಗೆದ್ದವರ ಹೆಸರು ತಿಳಿಸಿದ ಮೇಲೆ ಸೋತವರು ಆಕ್ಷೇಪಣೆ ಸಲ್ಲಿಸಲೆಂದು ವಿಶ್ವಬ್ಯಾಂಕಿನ ನಿಯಮದಲ್ಲಿ ಸಾಮಾನ್ಯವಾಗಿ 10 ಕೆಲಸದ ದಿನ, ಕೀನ್ಯಾದ ಕಾಯ್ದೆಯಲ್ಲಿ 14 ದಿನ ಕಾಯಬೇಕು. ಮೌಲ್ಯಮಾಪನಕ್ಕೆ 1 ತಿಂಗಳು. ಕೀನ್ಯಾದಲ್ಲಿ ಕಾಯ್ದೆಯೇ 30 ದಿನಗಳ ಮಿತಿ ಹಾಕಿದೆ. ಪೂರೈಕೆದಾರರು ಬಿಡ್ (ದರ ಸಹಿತ ಪ್ರಸ್ತಾಪ) ಸಲ್ಲಿಸಲು ವಿಶ್ವಬ್ಯಾಂಕಿನ ಅಂತರರಾಷ್ಟ್ರೀಯ ಟೆಂಡರಿನಲ್ಲಿ ಕನಿಷ್ಠ 30 ಕೆಲಸದ ದಿನ, ಅಂದರೆ 6 ವಾರ. ತಾಂತ್ರಿಕ ವಿವರಣೆ ಬರೆಯಲು 1 ತಿಂಗಳು. ಕೂಡಿಸಿ ನೋಡಿದರೆ ಖರೀದಿ ಅಧಿಕಾರಿ ಹೇಳಿದ ಅವಧಿಯೇ ಬರುತ್ತದೆ. ವಿಶ್ವಬ್ಯಾಂಕಿನ ಪೂರ್ವ ಪರಿಶೀಲನೆಗೆ ಒಳಪಡುವ ಖರೀದಿಯಾದರೆ ಪ್ರತಿ ಹಂತದಲ್ಲೂ ಬ್ಯಾಂಕಿನ ಒಪ್ಪಿಗೆಗಾಗಿ ಇನ್ನಷ್ಟು ದಿನಗಳು ಸೇರುತ್ತವೆ.

ಇದನ್ನೇ ಎಲ್ಲ ವಸ್ತುಗಳಿಗೂ ಮಾಡಿದಾಗ ಸಿಗುವುದು ಖರೀದಿ ಯೋಜನೆ. ವಿಶ್ವಬ್ಯಾಂಕಿನ ಯೋಜನೆಗಳಲ್ಲಿ ಇದನ್ನು 'ಸ್ಟೆಪ್' ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸಬೇಕು, ಮತ್ತು ಖರೀದಿ ಯೋಜನೆಯಲ್ಲಿ ಇಲ್ಲದ ವಸ್ತುವನ್ನು ಕೊಳ್ಳುವಂತಿಲ್ಲ. ಪೂರ್ವ ಮತ್ತು ದಕ್ಷಿಣ ಆಫ್ರಿಕಾದ 8 ದೇಶಗಳಲ್ಲಿ 24 ಉತ್ಕೃಷ್ಟತಾ ಕೇಂದ್ರಗಳನ್ನು ಬೆಳೆಸಿದ ವಿಶ್ವಬ್ಯಾಂಕಿನ ಎರಡನೆಯ ಹಂತದ ಯೋಜನೆಯಲ್ಲಿ, ಹಣ ಬಿಡುಗಡೆಯನ್ನು ಫಲಿತಾಂಶಗಳಿಗೆ ಕಟ್ಟಲಾಗಿತ್ತು. ಸಕಾಲದಲ್ಲಿ ಖರೀದಿ ನಡೆಸುವುದೂ ಆ ಫಲಿತಾಂಶಗಳಲ್ಲಿ ಒಂದು. ಅಂಥ ಯೋಜನೆಯಲ್ಲಿ ಖರೀದಿ ತಡವಾದರೆ ವಸ್ತುವೂ ಬರುವುದಿಲ್ಲ, ಮುಂದಿನ ಕಂತೂ ಬರುವುದಿಲ್ಲ.

ಖರೀದಿ ಯೋಜನೆ ಬರೆಯುವಾಗಲೇ ಒಂದೇ ಬಗೆಯ ವಸ್ತುಗಳನ್ನು ಒಟ್ಟುಗೂಡಿಸಿ. ಮೂರು ವಿಭಾಗಗಳು ಒಂದೇ ತಿಂಗಳಲ್ಲಿ ಬೇರೆ ಬೇರೆಯಾಗಿ ಲ್ಯಾಪ್‌ಟಾಪ್ ಕೊಂಡರೆ, ಉದ್ದೇಶ ಏನೇ ಇರಲಿ, ಟೆಂಡರಿನ ಮಿತಿಯನ್ನು ತಪ್ಪಿಸಲು ಖರೀದಿಯನ್ನು ಒಡೆದಂತೆ ಲೆಕ್ಕಪರಿಶೋಧಕರಿಗೆ ಕಾಣುತ್ತದೆ. ಹಣಕಾಸು ವರ್ಷದ ಕಡೆಗೂ ಗಮನವಿರಲಿ: ಕೀನ್ಯಾ ಮತ್ತು ಉಗಾಂಡಾದ್ದು ಜುಲೈ 1ಕ್ಕೆ ಆರಂಭ, ಘಾನಾದ್ದು ಜನವರಿಗೆ, ಅಮೆರಿಕ ಸರ್ಕಾರದ್ದು ಅಕ್ಟೋಬರಿಗೆ.

ತಾಂತ್ರಿಕ ವಿವರಣೆ

ನನ್ನ ಅಭಿಪ್ರಾಯದಲ್ಲಿ ಖರೀದಿ ಗೆಲ್ಲುವುದೂ ಸೋಲುವುದೂ ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ತಯಾರಕರ ಕ್ಯಾಟಲಾಗಿನ ಪುಟವನ್ನು ನಕಲು ಮಾಡಿ ಟೆಂಡರಿಗೆ ಅಂಟಿಸುವ ಅಭ್ಯಾಸದಿಂದ ಎರಡು ಕೇಡುಗಳಿವೆ: ಒಂದೇ ಕಂಪನಿಗೆ ಹೊಂದುವ ವಿವರಣೆಯೆಂದು ಉಳಿದವರು ದೂರು ಕೊಡುತ್ತಾರೆ, ಅದಕ್ಕಿಂತ ಕೆಟ್ಟದ್ದೆಂದರೆ, ಆ ಪುಟದಲ್ಲಿ ನಿಮ್ಮ ಕೋಣೆಯ ವಿಷಯ ಏನೂ ಇರುವುದಿಲ್ಲ. ಬರೆಯುವವರು ಮೊದಲು ಅಳತೆಪಟ್ಟಿ ಹಿಡಿದು ಪ್ರಯೋಗಾಲಯಕ್ಕೆ ಹೋಗಬೇಕು. ಬಾಗಿಲಿನ ಅಗಲ ಎಷ್ಟು, ಮೆಟ್ಟಿಲ ತಿರುವಿನಲ್ಲಿ ಪೆಟ್ಟಿಗೆ ತಿರುಗುತ್ತದೆಯೇ, ನೆಲ ಎಷ್ಟು ಭಾರ ತಡೆಯುತ್ತದೆ, ಪ್ಲಗ್ ಯಾವ ಬಗೆಯದು, ವೋಲ್ಟೇಜ್ ದಿನದಲ್ಲಿ ಎಲ್ಲಿಂದ ಎಲ್ಲಿಗೆ ಏರಿಳಿಯುತ್ತದೆ, ಕರೆಂಟ್ ಹೋದಾಗ ಜನರೇಟರ್ ಎಷ್ಟು ಹೊತ್ತಿಗೆ ಹಿಡಿಯುತ್ತದೆ, ಮಧ್ಯಾಹ್ನ ಮೂರಕ್ಕೆ ಕೋಣೆಯ ಉಷ್ಣತೆ ಎಷ್ಟು ಎಂಬುದನ್ನೆಲ್ಲ ಗುರುತಿಸಿಕೊಂಡು ಸ್ಟೆಬಿಲೈಸರ್, ಯುಪಿಎಸ್, ಎಚ್ಚರಿಕೆ ಗಂಟೆ ಇವುಗಳನ್ನು ಅದೇ ಟೆಂಡರಿನಲ್ಲಿ ಸೇರಿಸಬೇಕು. ಇಥಿಯೋಪಿಯಾದ ಅಡಿಸ್ ಅಬಾಬದಂಥ ಊರಾದರೆ ಎತ್ತರವನ್ನೂ ಬರೆಯಿರಿ: ಸಮುದ್ರಮಟ್ಟದಿಂದ ಸುಮಾರು 2,350 ಮೀಟರ್ ಎತ್ತರದಲ್ಲಿ ಗಾಳಿ ತೆಳುವಾಗಿ, ಸಾಮಾನ್ಯ ಡೀಸೆಲ್ ಜನರೇಟರ್ ಫಲಕದಲ್ಲಿ ಬರೆದಷ್ಟು ಶಕ್ತಿಯನ್ನು ಕೊಡುವುದಿಲ್ಲ.

ಯಂತ್ರದ ಬೆಲೆಗಿಂತ ಅದರ ಹೊಟ್ಟೆಗೆ ಹಾಕುವ ರಾಸಾಯನಿಕಗಳ ಬೆಲೆಯೇ ಹೆಚ್ಚಾಗುವ ಉಪಕರಣಗಳಿವೆ. ರಕ್ತ ಪರೀಕ್ಷೆಯ ಎಷ್ಟೋ ಯಂತ್ರಗಳು ಅದೇ ಕಂಪನಿಯ ರೀಏಜೆಂಟ್‌ಗಳಿಂದ ಮಾತ್ರ ನಡೆಯುತ್ತವೆ. ಅಂಥ ಕಡೆ 3 ವರ್ಷಗಳ ರೀಏಜೆಂಟ್ ಮತ್ತು ನಿರ್ವಹಣೆಯ ದರವನ್ನು ಬಿಡ್‌ನಲ್ಲೇ ಕೇಳಿ, ಒಟ್ಟು ವೆಚ್ಚದ ಮೇಲೆ ತುಲನೆ ಮಾಡುವುದಾಗಿ ಟೆಂಡರಿನಲ್ಲೇ ತಿಳಿಸಿ. ತರಬೇತಾದ ಎಂಜಿನಿಯರ್ ಅದೇ ದೇಶದಲ್ಲಿ ಅಥವಾ ನೆರೆಯ ದೇಶದಲ್ಲಿ ಇರಬೇಕೆಂದು ಬರೆಯಿರಿ. ವಾರಂಟಿಯು ಹಡಗು ಹೊರಟ ದಿನದಿಂದಲ್ಲ, ಯಂತ್ರ ಅಳವಡಿಸಿ ಒಪ್ಪಿಕೊಂಡ ದಿನದಿಂದ ಆರಂಭವಾಗಬೇಕು. ಈ ಒಂದು ವಾಕ್ಯ ಇಲ್ಲದೆ ಹೋದರೆ ಕಟ್ಟಡ ಮುಗಿಯುವುದನ್ನೇ ಕಾಯುತ್ತಾ ಉಗ್ರಾಣದಲ್ಲಿ ಕುಳಿತ ಪೆಟ್ಟಿಗೆಯೊಳಗೇ ವಾರಂಟಿ ತೀರಿಹೋಗುತ್ತದೆ. ಬ್ರ್ಯಾಂಡ್ ಹೆಸರಿಸದೆ ಗತ್ಯಂತರವೇ ಇಲ್ಲದಿದ್ದರೆ 'ಅಥವಾ ಅದಕ್ಕೆ ಸಮಾನವಾದುದು' ಎಂದು ಸೇರಿಸಿ, ಯಾವ ಗುಣಗಳಲ್ಲಿ ಸಮಾನ ಎಂಬುದನ್ನೂ ಹೇಳಿ.

ಬಿಡ್ ತೆರೆದ ಮೇಲೆ

ಟೆಂಡರಿನಲ್ಲಿ ಹೇಳದ ಮಾನದಂಡವನ್ನು ಮೌಲ್ಯಮಾಪನದಲ್ಲಿ ತರುವಂತಿಲ್ಲ. ಹೇಳಿದ ಮಾನದಂಡವನ್ನು ಬಿಡುವಂತಿಲ್ಲ. ಸಮಿತಿಯ ಪ್ರತಿ ಸದಸ್ಯರಿಂದಲೂ ಹಿತಾಸಕ್ತಿ ಸಂಘರ್ಷವಿಲ್ಲವೆಂಬ ಘೋಷಣೆಯನ್ನು ಬಿಡ್ ಲಕೋಟೆ ನೋಡುವ ಮೊದಲೇ ಬರೆಸಿಕೊಳ್ಳಿ. ನಡಾವಳಿಯಲ್ಲಿ 'ತಾಂತ್ರಿಕವಾಗಿ ಹೊಂದುವುದಿಲ್ಲ' ಎಂದಷ್ಟೇ ಬರೆದರೆ ಸಾಲದು. 'ಟೆಂಡರಿನ 7ನೆಯ ಕಂಡಿಕೆಯಲ್ಲಿ ಕೇಳಿದ್ದು 500 ಲೀಟರ್, ಬಿಡ್‌ನ 12ನೆಯ ಪುಟದಲ್ಲಿ ಕೊಟ್ಟಿರುವುದು 390 ಲೀಟರ್' ಎಂದು ಬರೆದ ನಡಾವಳಿಯನ್ನು 4 ವರ್ಷದ ನಂತರ, ಸಮಿತಿಯವರೆಲ್ಲ ಬೇರೆಡೆ ಹೋದ ಮೇಲೂ, ಯಾರು ಬೇಕಾದರೂ ಓದಿ ಒಪ್ಪಬಹುದು.

ಕರಾರಿನಲ್ಲಿ ನಾಣ್ಯದ ವಿಷಯ ಸ್ಪಷ್ಟವಾಗಿರಲಿ. 2023ರ ಜೂನ್‌ನಲ್ಲಿ ನೈಜೀರಿಯಾ ನೈರಾದ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಟ್ಟಿತು, ಅದೇ ವರ್ಷದ ನವೆಂಬರಿನಲ್ಲಿ ಮಲಾವಿ ಕ್ವಾಚಾವನ್ನು ಶೇ. 44ರಷ್ಟು ಅಪಮೌಲ್ಯಗೊಳಿಸಿತು, 2024ರ ಜುಲೈನಲ್ಲಿ ಇಥಿಯೋಪಿಯಾ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಇಂಥ ವಾರದಲ್ಲಿ ಸ್ಥಳೀಯ ನಾಣ್ಯದಲ್ಲಿ ಬಿಡ್ ಮಾಡಿದ ಆಮದುದಾರ ಮಾಲು ತರಿಸದೆ ಕೈಚೆಲ್ಲುತ್ತಾನೆ. ಆಮದು ಭಾಗವನ್ನು ಡಾಲರ್ ಅಥವಾ ಯೂರೋದಲ್ಲೂ ಸ್ಥಳೀಯ ಭಾಗವನ್ನು ಸ್ಥಳೀಯ ನಾಣ್ಯದಲ್ಲೂ ಬಿಡ್ ಮಾಡಲು, ಕಾನೂನು ಒಪ್ಪಿದರೆ, ಅವಕಾಶ ಕೊಡಿ. 2025ರ ಆರಂಭದಲ್ಲಿ ಅಮೆರಿಕದ ವಿದೇಶಿ ನೆರವು ಹಠಾತ್ತನೆ ನಿಂತ ಮೇಲೆ ಇನ್ನೊಂದು ಕಂಡಿಕೆಯನ್ನು ಯಾರೂ ಮರೆಯುವಂತಿಲ್ಲ: ದಾನಿಯ ಹಣ ನಿಂತರೆ ಕರಾರು ಹೇಗೆ ಕೊನೆಗೊಳ್ಳುತ್ತದೆ, ಆ ವೇಳೆಗೆ ಪೂರೈಸಿದ ಭಾಗಕ್ಕೆ ಹಣ ಕೊಡುವವರು ಯಾರು ಎಂಬುದು.

ಬಂದರಿನಿಂದ ಪ್ರಯೋಗಾಲಯಕ್ಕೆ

ಸಮುದ್ರದ ದಾರಿಯಲ್ಲಿ ಬಂದರೆ ನಮ್ಮ ಫ್ರೀಜರ್ ಕೀನ್ಯಾದ ಮೊಂಬಾಸಾ ಬಂದರಿನಲ್ಲಿ ಇಳಿದು ಕಂಪಾಲಾಕ್ಕೆ ಸಾವಿರ ಕಿಲೋಮೀಟರಿಗೂ ಹೆಚ್ಚು ರಸ್ತೆ ಹಿಡಿಯಬೇಕು. ತೆರಿಗೆ ವಿನಾಯಿತಿ ಪತ್ರ ಕೈಸೇರುವ ಮೊದಲು ಮಾಲನ್ನು ಹಡಗಿಗೆ ಹಾಕಿಸಬೇಡಿ. ವಿನಾಯಿತಿಯನ್ನು ಕೊಡುವುದು ಸರ್ಕಾರ, ಅರ್ಜಿ ಹಲವು ಮೇಜುಗಳನ್ನು ದಾಟಬೇಕು. ಅದು ಬರುವಷ್ಟರಲ್ಲಿ ಕಂಟೇನರ್ ಬಂದರಿನಲ್ಲಿ ಕುಳಿತಿದ್ದರೆ ಡೆಮರೇಜ್ (ತಡವಾದುದಕ್ಕೆ ಕಟ್ಟುವ ಶುಲ್ಕ) ದಿನದಿನವೂ ಏರುತ್ತದೆ, ಮತ್ತು ಡೆಮರೇಜನ್ನು ದಾನಿಗಳು ಭರಿಸುತ್ತಾರೆಂದು ನಂಬಿ ಕೂರುವಂತಿಲ್ಲ. ವಿನಾಯಿತಿ ಸಿಗದಿದ್ದರೆ ಉಗಾಂಡಾದಲ್ಲಿ ಶೇ. 18, ಕೀನ್ಯಾದಲ್ಲಿ ಶೇ. 16 ವ್ಯಾಟ್ ಇದೆ. ಅದಕ್ಕೆ ಬಜೆಟ್‌ನಲ್ಲಿ ಜಾಗವಿದೆಯೇ ನೋಡಿಕೊಳ್ಳಿ. ಎರಡೂ ದೇಶಗಳ ಮಾನಕ ಸಂಸ್ಥೆಗಳು ಅನೇಕ ವಸ್ತುಗಳಿಗೆ ರಫ್ತಿಗೆ ಮುಂಚಿನ ತಪಾಸಣಾ ಪ್ರಮಾಣಪತ್ರ ಕೇಳುತ್ತವೆ. ಅದನ್ನು ಪಡೆಯುವ ಹೊಣೆ ಪೂರೈಕೆದಾರನದೆಂದು ಕರಾರಿನಲ್ಲಿರಲಿ.

ಪೆಟ್ಟಿಗೆ ಬಂದ ದಿನ ಸ್ವೀಕಾರ ಸಮಿತಿ ಹಾಜರಿರಬೇಕು. ಪೆಟ್ಟಿಗೆ ಒಡೆಯುವ ಮೊದಲು ಒಂದು ಫೋಟೋ, ಸೀರಿಯಲ್ ಸಂಖ್ಯೆಯದು ಒಂದು ಫೋಟೋ. ಫ್ರೀಜರನ್ನು ಖಾಲಿಯಾಗಿಯೇ 3 ದಿನ ಓಡಿಸಿ, ಉಷ್ಣತೆಯ ದಾಖಲೆಯನ್ನು ಮುದ್ರಿಸಿ, ನಂತರವೇ ಸ್ವೀಕಾರ ಪತ್ರಕ್ಕೆ ಸಹಿ ಮಾಡಿ. ಕೊನೆಯ ಕಂತನ್ನು, ಶೇ. 10ರಷ್ಟಾದರೂ, ಈ ಸಹಿಯ ತನಕ ತಡೆಹಿಡಿಯುವಂತೆ ಕರಾರು ಮಾಡಿಕೊಂಡಿರಬೇಕು. ಆನಂತರ ಆಸ್ತಿ ವಹಿಯಲ್ಲಿ ದಾನಿಯ ಹೆಸರು, ಅನುದಾನದ ಸಂಖ್ಯೆ, ಬೆಲೆ, ಕೋಣೆಯ ಸಂಖ್ಯೆ ನಮೂದಿಸಿ ಯಂತ್ರದ ಮೇಲೆ ಚೀಟಿ ಅಂಟಿಸಿ. ಅಮೆರಿಕದ ಫೆಡರಲ್ ಅನುದಾನದ ದಾಖಲೆಗಳನ್ನು ಅಂತಿಮ ಹಣಕಾಸು ವರದಿಯಿಂದ 3 ವರ್ಷ, ಯೂರೋಪಿಯನ್ ಒಕ್ಕೂಟದ ಬಾಹ್ಯ ನೆರವಿನ ದೊಡ್ಡ ಅನುದಾನಗಳದನ್ನು ಕೊನೆಯ ಪಾವತಿಯಿಂದ 5 ವರ್ಷ ಇಡಬೇಕು. ಯೋಜನೆಯ ಗುಮಾಸ್ತರ ಕೆಲಸ ಅದಕ್ಕೂ ಮೊದಲೇ ಮುಗಿದಿರುತ್ತದೆಯಾದ್ದರಿಂದ, ಕಡತ ಅವರ ಲ್ಯಾಪ್‌ಟಾಪಿನಲ್ಲಿ ಉಳಿಯದಂತೆ ನೋಡಿಕೊಂಡು, ಪ್ರತಿ ಖರೀದಿ ಮುಗಿದ ವಾರದಲ್ಲೇ ಒಂದು ಪ್ರತಿಯನ್ನು ವಿಶ್ವವಿದ್ಯಾಲಯದ ಖರೀದಿ ಘಟಕದ ದಾಖಲೆ ಕೋಣೆಗೆ ಒಪ್ಪಿಸಿ ಸಹಿ ಪಡೆಯಿರಿ.