ಪುಣೆಗೆ ಹೊಸದಾಗಿ ಬಂದವರಿಗೆ: ದಿನಾ ಡ್ಯೂಟಿಗೆ ಓಡಾಡೋಕೆ ಯಾವ ಬೈಕ್ ತಗೋಬೇಕು

ಊರಿಂದ ಸಾಮಾನು ಇಳಿಸಿ ಒಂದು ವಾರ ಆಗಿರಲ್ಲ, ಇಲ್ಲಿನ ನಮ್ಮ ಕನ್ನಡಿಗರ ಸಂಘದ ಗ್ರೂಪಲ್ಲಿ ಮೆಸೇಜ್ ಬರುತ್ತೆ, ಸರ್ ಯಾವ ಬೈಕ್ ತಗೊಳ್ಳೋದು ಅಂತ. ಕೇಳೋದ್ರಲ್ಲಿ ತಪ್ಪಿಲ್ಲ, ಪುಣೆ ಅಂದ್ರೆ ಟೂವೀಲರ್ ಊರು, ಬಸ್ ನಂಬ್ಕೊಂಡು ಎಂಟು ಗಂಟೆಗೆ ಪಂಚ್ ಮಾಡೋದು ಎಲ್ಲರಿಗೂ ಆಗಲ್ಲ. ಆದ್ರೂ ನಾವು ಎಲ್ಲರಿಗೂ ಮೊದಲು ಹೇಳೋದು, ಸ್ವಲ್ಪ ತಡೀರಿ. ಮನೆ ಗಟ್ಟಿ ಆಗ್ಲಿ, ಮಕ್ಕಳ ಸ್ಕೂಲ್ ಗಟ್ಟಿ ಆಗ್ಲಿ, ನಿಮ್ಮ ಶಿಫ್ಟ್ ಯಾವುದು ಅಂತ ಗೊತ್ತಾಗ್ಲಿ, ಆಮೇಲೆ ಗಾಡಿ. ಯಾಕಂದ್ರೆ ವಾಕಡ್‌ನಲ್ಲಿದ್ದು ಹಿಂಜವಡಿಗೆ ಹೋಗೋರಿಗೆ ಬೇಕಾದ ಗಾಡಿನೇ ಬೇರೆ, ಮೋಶಿಯಲ್ಲಿದ್ದು ಚಾಕಣ್‌ನಲ್ಲಿ ರಾತ್ರಿ ಶಿಫ್ಟ್ ಮಾಡೋರಿಗೆ ಬೇಕಾದ್ದೇ ಬೇರೆ. ಚಾಕಣ್, ರಂಜಣಗಾಂವ್ ಕಡೆ ಎಷ್ಟೋ ಕಂಪನಿಗಳು ಬಸ್ ಬಿಡ್ತವೆ, ಅದನ್ನ ಎಚ್‌ಆರ್ ಹತ್ರ ಮೊದಲೇ ಕೇಳ್ಕೊಳ್ಳಿ. ಪಿಂಪ್ರಿಯಿಂದ ಸ್ವಾರಗೇಟ್‌ವರೆಗೆ ಮೆಟ್ರೋ 2024ರಿಂದ ಪೂರ್ತಿ ಓಡ್ತಿದೆ, ವನಾಜ್ ಟು ರಾಮವಾಡಿ ಲೈನೂ ಇದೆ, ಮನೆ ಆಫೀಸು ಎರಡೂ ಸ್ಟೇಷನ್ ಹತ್ರ ಇದ್ರೆ ನಿಮಗೆ ಗಾಡಿ ಬೇಕಾಗೋದು ಮಾರ್ಕೆಟ್‌ಗೆ, ಸ್ಕೂಲ್‌ಗೆ ಅಷ್ಟೇ, ಅದಕ್ಕೆ ಒಂದು ಸ್ಕೂಟರ್ ಸಾಕು.

ಊರಲ್ಲಿ ಆಗ್ಲೇ ಕೆಎ ನಂಬರ್ ಗಾಡಿ ಇರೋರು ಹೊಸದು ಬುಕ್ ಮಾಡೋ ಮುಂಚೆ ಲೆಕ್ಕ ಹಾಕಿ. ಬೇರೆ ರಾಜ್ಯದ ಗಾಡಿನ 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಕೊಂಡ್ರೆ ಇಲ್ಲಿನ ನಂಬರ್ ಮಾಡಿಸ್ಲೇಬೇಕು. ಅದಕ್ಕೆ ಊರಿನ ಆರ್‌ಟಿಓದಿಂದ ಎನ್‌ಓಸಿ, ಅಂದ್ರೆ ಅಡ್ಡಿ ಇಲ್ಲ ಅನ್ನೋ ಪತ್ರ ಬೇಕು, ಸಾಲ ಇದ್ರೆ ಬ್ಯಾಂಕಿನ ಒಪ್ಪಿಗೆನೂ ಬೇಕು, ಎನ್‌ಓಸಿ ಅರ್ಜಿ ಫಾರಂ 28ರ ಮೇಲೆ ಚಾಸಿ ನಂಬರ್‌ನ ಪೆನ್ಸಿಲ್ ಪ್ರಿಂಟ್ ತಗೊಂಡು ಅಂಟಿಸ್ಬೇಕು, ಇಲ್ಲಿ ಬಂದ್ಮೇಲೆ ಮಹಾರಾಷ್ಟ್ರದ ಟ್ಯಾಕ್ಸ್ ಕಟ್ಬೇಕು, ಆಮೇಲೆ ಕರ್ನಾಟಕದಲ್ಲಿ ಕಟ್ಟಿದ ಲೈಫ್ ಟ್ಯಾಕ್ಸ್‌ನಲ್ಲಿ ಉಳಿದಿರೋದನ್ನ ವಾಪಸ್ ಕೇಳ್ಬೇಕು. ಮೂರ್ನಾಲ್ಕು ವರ್ಷದ ಒಳ್ಳೆ ಗಾಡಿ ಆದ್ರೆ ಈ ಓಡಾಟ ಮಾಡಬಹುದು. ಹತ್ತು ವರ್ಷದ ಹಳೇದಾದ್ರೆ ಊರಲ್ಲೇ ತಮ್ಮಂಗೋ ಮಾವಂಗೋ ಕೊಟ್ಟು ಬನ್ನಿ. ಎನ್‌ಓಸಿಗೆ ಊರಿಗೆ ಮತ್ತೆ ಹೋಗೋದು ರಜೆ ದಂಡ, ಹಂಗಾಗಿ ಹೊರಡೋ ಮುಂಚೆನೇ ತಗೊಂಡ್ರೆ ಒಳ್ಳೇದು. ಟ್ರೇನಲ್ಲಿ ಕಳ್ಸೋರು ಆರ್‌ಸಿ ಜೆರಾಕ್ಸ್, ಐಡಿ ಜೆರಾಕ್ಸ್ ಇಟ್ಕೊಳ್ಳಿ, ಟ್ಯಾಂಕ್ ಪೂರ್ತಿ ಖಾಲಿ ಮಾಡಿರ್ಬೇಕು, ಪೆಟ್ರೋಲ್ ಇದ್ರೆ ಪಾರ್ಸಲ್ ಆಫೀಸಲ್ಲಿ ತಗೊಳ್ಳಲ್ಲ. ಡಿಎಲ್ ಬಗ್ಗೆ ತಲೆ ಕೆಡಿಸ್ಕೊಬೇಡಿ, ಕರ್ನಾಟಕದ್ದು ಇಲ್ಲೂ ನಡೆಯುತ್ತೆ, ಅದ್ರಲ್ಲಿ ಗೇರ್ ಇರೋ ಗಾಡಿಗೆ ಪರ್ಮಿಷನ್ ಇದೆಯಾ ಅಂತ ಮಾತ್ರ ನೋಡ್ಕೊಳ್ಳಿ, ಸ್ಕೂಟರ್ ಲೈಸೆನ್ಸ್ ಮೇಲೆ ಬೈಕ್ ಓಡ್ಸೋ ಹಂಗಿಲ್ಲ.

ಈಗ ಗಾಡಿ ವಿಷಯ. ಹೋದ್ ತಿಂಗಳು ಕಲಬುರಗಿ ಕಡೆಯ ಒಬ್ಬ ಹುಡುಗ ಬಂದು "ಅಣ್ಣಾರ, ಬುಲೆಟ್ ತಗೋಬೇಕಂತ ಮಾಡೀನ್ರಿ" ಅಂದ. ಮನೆ ಥೇರಗಾಂವ್, ಕೆಲಸ ಹಿಂಜವಡಿ ಫೇಸ್ 3. ಆಸೆ ತಪ್ಪಲ್ಲ, ಆದ್ರೆ ಬೆಳಗ್ಗೆ ಒಂಬತ್ತಕ್ಕೆ ಭೂಮ್ಕರ್ ಚೌಕ್‌ನಲ್ಲಿ ಒಂದ್ಸಲ ನಿಂತು ನೋಡಪ್ಪಾ ಅಂತ ಹೇಳಿ ಕಳಿಸಿದ್ವಿ. ಅಲ್ಲಿ ಗಾಡಿ ಓಡಲ್ಲ, ತೆವಳುತ್ತೆ. ಫಸ್ಟ್ ಗೇರ್, ಕ್ಲಚ್, ನ್ಯೂಟ್ರಲ್, ಮತ್ತೆ ಫಸ್ಟ್, ಎಡಗೈ ಮಣಿಕಟ್ಟು ಹಿಡ್ಕೊಳ್ಳುತ್ತೆ, 350 ಸಿಸಿ ಇಂಜಿನ್ ಬಿಸಿ ಮೊಣಕಾಲಿಗೆ ಹೊಡೆಯುತ್ತೆ. ಬುಲೆಟ್ ಕಂಪನಿಯದೇ ಕ್ಲಾಸಿಕ್ 350 ಸುಮಾರು 195 ಕೆಜಿ, ಸ್ಪ್ಲೆಂಡರ್ ಸುಮಾರು 112 ಕೆಜಿ, ಈ 80 ಕೆಜಿ ವ್ಯತ್ಯಾಸ ಶೋರೂಮಲ್ಲಿ ಗೊತ್ತಾಗಲ್ಲ, ಸೊಸೈಟಿ ಪಾರ್ಕಿಂಗಲ್ಲಿ ಎರಡು ಗಾಡಿ ಮಧ್ಯದಿಂದ ಹಿಂದಕ್ಕೆ ಎಳೆಯುವಾಗ ಗೊತ್ತಾಗುತ್ತೆ.

ಖರ್ಚೂ ನೋಡಿ. ಹೋಗ್ತಾ ಬರ್ತಾ ದಿನಕ್ಕೆ 40 ಕಿಲೋಮೀಟರ್ ಅಂದ್ರೆ ತಿಂಗಳಿಗೆ ಹತ್ತಿರ ಹತ್ತಿರ 1000. 60 ಮೈಲೇಜ್ ಕೊಡೋ ಗಾಡಿಗೆ 17 ಲೀಟರ್ ಸಾಕು, 35 ಕೊಡೋದಕ್ಕೆ 28-29 ಲೀಟರ್ ಬೇಕು, ಲೀಟರ್‌ಗೆ ನೂರು ರೂಪಾಯಿ ಅಂತ ಹಿಡಿದ್ರೂ ತಿಂಗಳಿಗೆ ಸಾವಿರದ ಮೇಲೆ ಫರಕು. ಹೊಸ ಊರಲ್ಲಿ ಡೆಪಾಸಿಟ್, ಸ್ಕೂಲ್ ಫೀಸು ಅಂತ ಕೈ ಖಾಲಿ ಇರೋ ಮೊದಲ್ನೇ ವರ್ಷ ಅದು ದೊಡ್ಡ ದುಡ್ಡೇ.

ಹಂಗಾಗಿ ಊರೊಳಗಿನ ಟ್ರಾಫಿಕ್‌ಗೆ, ದಿನಕ್ಕೆ 20-30 ಕಿಲೋಮೀಟರ್ ಓಡೋರಿಗೆ 100 ಇಂದ 125 ಸಿಸಿ ಸಾಕೇ ಸಾಕು ಅನ್ನೋದು ನಮ್ಮ ಅಭಿಪ್ರಾಯ. ಸ್ಪ್ಲೆಂಡರ್, ಪ್ಲಾಟಿನಾ, ಶೈನ್, ರೈಡರ್ ಇವೆಲ್ಲ ಈ ಸಾಲಿನವು, ಗಲ್ಲಿ ಗಲ್ಲಿಯಲ್ಲೂ ಇವನ್ನ ರಿಪೇರಿ ಮಾಡೋ ಮೆಕಾನಿಕ್ ಸಿಗ್ತಾರೆ, ನಾನಾ ಪೇಠ್‌ಗೆ ಹೋದ್ರೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲೇ ಇದೆ. ಕೊತ್ರೂಡ್, ಸದಾಶಿವ್ ಪೇಠ್ ಕಡೆಯೇ ಮನೆ ಕೆಲಸ ಎರಡೂ ಆದ್ರೆ ಸ್ಕೂಟರ್ ಇನ್ನೂ ವಾಸಿ, ಮನೇಲಿ ಇಬ್ಬರೂ ಓಡಿಸಬಹುದು, ಕಾಲ ಹತ್ರ ತರಕಾರಿ ಚೀಲ ಇಡಬಹುದು.

ಆದ್ರೆ ಚಾಕಣ್ ಕಡೆ ಹೋಗೋರಿಗೆ ನಾವು ಬೇರೆ ಮಾತು ಹೇಳ್ತೀವಿ. ನಾಶಿಕ್ ಹೈವೇ ಮೇಲೆ ಕಂಟೇನರ್, ಟ್ರೇಲರ್ ಸಾಲುಗಟ್ಟಿ ಹೋಗ್ತಿರ್ತವೆ, ಸೆಕೆಂಡ್ ಶಿಫ್ಟ್ ಮುಗಿಸಿ ಮಧ್ಯರಾತ್ರಿ ವಾಪಸ್ ಬರ್ಬೇಕು, ಅಲ್ಲಿ ಮೈಲೇಜ್‌ಗಿಂತ ಬ್ರೇಕ್ ಮತ್ತು ಹೆಡ್‌ಲೈಟ್ ಮುಖ್ಯ. 2019ರಿಂದ 125 ಸಿಸಿ ಮೇಲಿನ ಗಾಡಿಗೆಲ್ಲ ಎಬಿಎಸ್ ಕಡ್ಡಾಯ, ಆಗಿನ ರೂಲ್ ಪ್ರಕಾರ 125 ಮತ್ತು ಅದಕ್ಕಿಂತ ಕೆಳಗಿನವುಕ್ಕೆ ಕಾಂಬಿ ಬ್ರೇಕ್ (ಒಂದು ಬ್ರೇಕ್ ಒತ್ತಿದ್ರೆ ಎರಡೂ ಚಕ್ರಕ್ಕೆ ಹಿಡಿಯೋದು) ಇದ್ರೆ ಸಾಕಿತ್ತು. ಮಳೇಲಿ ಲಾರಿ ಹಿಂದೆ ಗಾಬರಿಯಾಗಿ ಬ್ರೇಕ್ ಒತ್ತಿದಾಗ ಮುಂದಿನ ಚಕ್ರ ಲಾಕ್ ಆಗದೆ ಇರೋದು ಎಬಿಎಸ್ ಇಂದ. ಆದ್ದರಿಂದ ಹೈವೇ ಶಿಫ್ಟ್‌ನವರು 150-160 ಸಿಸಿ, ಎಬಿಎಸ್ ಇರೋದು ತಗೊಳ್ಳಿ, ಬಜೆಟ್ ಸಾಲಲ್ಲ ಅಂದ್ರೆ 125ರಲ್ಲೇ ಕೊನೇ ಪಕ್ಷ ಮುಂದೆ ಡಿಸ್ಕ್ ಇರೋ ಮಾಡೆಲ್. ಡ್ರಮ್ ಬ್ರೇಕ್ ಮಾಡೆಲ್ ಐದಾರು ಸಾವಿರ ಕಮ್ಮಿ ಸಿಗುತ್ತೆ ಅಂತ ತಗೊಂಡು ಆ ರೋಡಲ್ಲಿ ಓಡಿಸ್ಬೇಡಿ, ದಯವಿಟ್ಟು.

ಸಿಎನ್‌ಜಿ ಬೈಕ್ ಬಗ್ಗೆನೂ ಕೇಳ್ತಾರೆ. ಬಜಾಜ್ ಫ್ರೀಡಂ 125 ಬಂದಿದ್ದು 2024 ಜುಲೈನಲ್ಲಿ, ಸೀಟ್ ಕೆಳಗೆ 2 ಕೆಜಿ ಸಿಲಿಂಡರ್, ಜೊತೆಗೆ 2 ಲೀಟರ್ ಪೆಟ್ರೋಲ್ ಟ್ಯಾಂಕ್. ದಿನಾ ಜಾಸ್ತಿ ಓಡೋರಿಗೆ ಉಳಿತಾಯ ಆಗುತ್ತೆ, ಆದ್ರೆ ಸಿಎನ್‌ಜಿ ಪಂಪಲ್ಲಿ ರಿಕ್ಷಾ, ಕ್ಯಾಬ್ ಹಿಂದೆ ಕ್ಯೂ ನಿಲ್ಬೇಕು, ಸೀಟ್ ಎತ್ತರನೂ 825 ಮಿಲಿಮೀಟರ್, ಸ್ವಲ್ಪ ಕುಳ್ಳಗಿರೋರು ಎರಡೂ ಕಾಲು ನೆಲಕ್ಕೆ ಮುಟ್ಟುತ್ತಾ ಅಂತ ಕೂತು ನೋಡಿ. ಎಲೆಕ್ಟ್ರಿಕ್ ತಗೊಳ್ಳೋರು ಬುಕಿಂಗ್‌ಗಿಂತ ಮುಂಚೆ ಓನರ್ ಹತ್ರ, ಸೊಸೈಟಿ ಹತ್ರ ಚಾರ್ಜಿಂಗ್ ಪಾಯಿಂಟ್‌ಗೆ ಒಪ್ಪಿಗೆ ತಗೊಳ್ಳಿ, ಬಾಡಿಗೆ ಮನೇಲಿ ಇದೇ ದೊಡ್ಡ ತೊಡಕು.

ಇನ್ನೊಂದು ವಿಷಯ, ಇದನ್ನ ಗಂಡಸರು ಮರೀತಾರೆ. ಹಿಂದೆ ಕೂರೋರು ಯಾರು? ಇಲ್ಲಿ ಅದಕ್ಕೆ ಡಬಲ್ ಸೀಟ್ ಅಂತಾರೆ. ಟೆಸ್ಟ್ ರೈಡ್‌ಗೆ ಒಬ್ರೇ ಹೋಗಿ ಬುಕ್ ಮಾಡಿ ಬರ್ತೀರಿ, ಆಮೇಲೆ ಮನೆಯವರು ಸೀರೆ ಉಟ್ಕೊಂಡು ಕೂರೋಕೆ ಹೋದ್ರೆ ಹಿಂದಿನ ಸೀಟು ಮೇಲಕ್ಕೆ ಎದ್ದಿದೆ, ಹಿಡ್ಕೊಳ್ಳೋಕೆ ಸರಿಯಾದ ಗ್ರಿಪ್ ಇಲ್ಲ, ಸೀರೆ ಗಾರ್ಡ್ ಇಲ್ಲ. ಹಿಂದೆ ಕೂರೋರಿಗೆ ಕೈಹಿಡಿ, ಫುಟ್‌ರೆಸ್ಟ್, ಹಿಂದಿನ ಚಕ್ರದ ಅರ್ಧಕ್ಕಾದ್ರೂ ಕವರ್ ಇರ್ಬೇಕು ಅಂತ ಮೋಟಾರು ವಾಹನ ನಿಯಮದಲ್ಲೇ ಇದೆ, ಸೀರೆ ಗಾರ್ಡ್ ಹಾಕ್ಸಿ ಕೊಡಿ ಅಂತ ಧೈರ್ಯವಾಗಿ ಕೇಳಿ. ಮನೆಯವರನ್ನ ಕರ್ಕೊಂಡೇ ಹೋಗಿ, ಹಿಂದೆ ಕೂರಿಸ್ಕೊಂಡೇ ಟೆಸ್ಟ್ ರೈಡ್ ಮಾಡಿ, ಅವರು ಬೇಡ ಅಂದ್ರೆ ಆ ಗಾಡಿ ಬೇಡ. ಕಾನೂನು ಪ್ರಕಾರ ಬೈಕ್ ಮೇಲೆ ಇಬ್ಬರೇ, ಗಂಡ ಹೆಂಡತಿ ಮಧ್ಯೆ ಮಗು ಕೂರ್ಸೋದು ಎಲ್ರೂ ಮಾಡ್ತಾರೆ ಅಂತ ನೀವೂ ಮಾಡ್ಬೇಡಿ. 4 ವರ್ಷದೊಳಗಿನ ಮಗು ಹಿಂದೆ ಇದ್ರೆ ಬೆಲ್ಟ್ ಥರದ ಹಾರ್ನೆಸ್, ಮಗು ಸೈಜಿನ ಹೆಲ್ಮೆಟ್, ಸ್ಪೀಡ್ 40ರ ಒಳಗೆ. ಹೆಲ್ಮೆಟ್ ಹಿಂದಿನವರಿಗೂ ಬೇಕು, ಐಎಸ್‌ಐ ಮಾರ್ಕ್ ಇರೋದೇ ತಗೊಳ್ಳಿ, ರೋಡ್ ಸೈಡಲ್ಲಿ ಮುನ್ನೂರು ರೂಪಾಯಿಗೆ ಸಿಗೋದು ತಲೆ ಕಾಯಲ್ಲ.

ಶೋರೂಮ್‌ಗೆ ಹೋಗುವಾಗ ಅಡ್ರೆಸ್ ಪ್ರೂಫ್‌ಗೆ ರಿಜಿಸ್ಟರ್ ಆದ ರೆಂಟ್ ಅಗ್ರಿಮೆಂಟ್ ಬೇಕಾಗುತ್ತೆ, ಇಲ್ಲಿ ಅದನ್ನ ಲೀವ್ ಅಂಡ್ ಲೈಸೆನ್ಸ್ ಅಂತಾರೆ. ಬರೀ ಸ್ಟಾಂಪ್ ಪೇಪರ್ ಮೇಲೆ ಸೈನ್ ಮಾಡಿದ್ದು ನಡೆಯಲ್ಲ, ಮನೆ ಓನರ್ ಹತ್ರ ಮೊದಲೇ ಮಾತಾಡಿ. ಪುಣೆ ಸಿಟಿ ಅಡ್ರೆಸ್‌ಗೆ ಎಂಎಚ್-12, ಪಿಂಪ್ರಿ-ಚಿಂಚವಡ್‌ಗೆ ಎಂಎಚ್-14 ಬರುತ್ತೆ. ರೇಟ್ ವಿಷಯದಲ್ಲಿ ಹಳೇ ವಿಡಿಯೋ ನೋಡ್ಕೊಂಡು ಹೋಗ್ಬೇಡಿ, 2025 ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಗಾಡಿಗೆ ಜಿಎಸ್‌ಟಿ 28 ಇಂದ 18 ಪರ್ಸೆಂಟ್‌ಗೆ ಇಳಿದಿದೆ. ಆನ್‌ರೋಡ್ ರೇಟನ್ನ ಸಾಲು ಸಾಲಾಗಿ ಬರ್ಸಿಕೊಳ್ಳಿ: ಎಕ್ಸ್‌ಶೋರೂಮ್, ಟ್ಯಾಕ್ಸ್, ಇನ್ಶೂರೆನ್ಸ್. ಅದ್ರ ಕೆಳಗೆ ಹ್ಯಾಂಡ್ಲಿಂಗ್ ಚಾರ್ಜ್, ಆಕ್ಸೆಸರೀಸ್ ಪ್ಯಾಕ್ ಅಂತ ಏನಾದ್ರೂ ಇದ್ರೆ ಯಾಕೆ ಅಂತ ಕೇಳಿ, ಕೇಳಿದವರಿಗೆ ತೆಗೀತಾರೆ. ಇನ್ಶೂರೆನ್ಸ್ ಅವರ ಹತ್ರನೇ ಮಾಡಿಸ್ಬೇಕು ಅಂತೇನಿಲ್ಲ, ಹೊಸ ಗಾಡಿಗೆ ಥರ್ಡ್ ಪಾರ್ಟಿ 5 ವರ್ಷದ್ದು ಕಡ್ಡಾಯ, ನಿಮ್ಮ ಗಾಡಿ ಡ್ಯಾಮೇಜಿನದು ಮಾತ್ರ ವರ್ಷ ವರ್ಷ ರಿನ್ಯೂ ಮಾಡಿಸ್ಕೊಂಡು ಹೋಗಬಹುದು, ಮರೀಬೇಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರಿಗೆ ಪುಣೆ ಒಳ್ಳೆ ಊರು, ಕಾಲೇಜ್ ಮುಗಿಸಿ ಊರಿಗೆ ಹೋಗೋ ಹುಡುಗರು ಗಾಡಿ ಮಾರಿ ಹೋಗ್ತಾರೆ. ನೋಡೋಕೆ ಹೋದಾಗ ಮೊದಲು ಇಂಜಿನ್ ಮೇಲೆ ಕೈಯಿಟ್ಟು ನೋಡಿ, ಬಿಸಿ ಇದ್ರೆ ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ, ತಣ್ಣಗಾಗೋವರೆಗೆ ಕಾಯ್ರಿ ಇಲ್ಲ ನಾಳೆ ಬೆಳಗ್ಗೆ ಬರ್ತೀನಿ ಅನ್ನಿ. ಗಾಡಿ ಸ್ಟಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲ್ ನಿಧಾನ ತಿರುಗಿಸಿ, ಮಧ್ಯದಲ್ಲಿ ಕಟ್ ಅಂತ ಸಿಕ್ಕಂಗಾದ್ರೆ ಬೇರಿಂಗ್ ಹೋಗಿದೆ. ಮುಂದಿನ ಶಾಕ್ ಅಬ್ಸಾರ್ಬರ್‌ನ ಫೋರ್ಕ್ ರಾಡ್ ಮೇಲೆ ಬೆರಳು ಸವರಿ, ಎಣ್ಣೆ ಅಂಟಿದ್ರೆ ಆಯಿಲ್ ಸೀಲ್ ಹೋಗಿದೆ. ಇವೆಲ್ಲ ರಿಪೇರಿ ಆಗೋವೇ, ರೇಟ್ ಇಳಿಸೋಕೆ ಬಳಸ್ಕೊಳ್ಳಿ. ಆದ್ರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಇನ್ನೂ ಇದ್ರೆ, ಚಲನ್ ಬಾಕಿ ಇದ್ರೆ ದುಡ್ಡು ಕೊಡ್ಬೇಡಿ, ಗಾಡಿ ನಂಬರ್ ಹಾಕಿ ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನೋಡಿದ್ರೆ ಗೊತ್ತಾಗುತ್ತೆ. ಹೆಸರು ಟ್ರಾನ್ಸ್‌ಫರ್ ಆಗ್ದೆ ಪೂರ್ತಿ ಹಣ ಕೊಡೋದು ಬೇಡ.

ರೋಡಿನ ಬಗ್ಗೆ ಎರಡು ಮಾತು, ಗೊತ್ತಿಲ್ದೆ ಹೋಗಿ ಸಿಕ್ಕಾಕೊಳ್ಳೋರು ಇದ್ದಾರೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಮೇಲೆ ಟೂವೀಲರ್‌ಗೆ ಎಂಟ್ರಿ ಇಲ್ಲ, ಮ್ಯಾಪ್ ಏನೇ ತೋರ್ಸಲಿ ತಳೇಗಾಂವ್, ಲೋಣಾವಳ ಕಡೆಗೆ ದೇಹೂ ರೋಡ್ ಮೇಲೆ ಹೋಗೋ ಹಳೇ ಹೈವೇನೇ ಹಿಡೀರಿ. ಅಂಬೇಗಾಂವ್, ನರ್ಹೆ ಕಡೆ ಮನೆ ಮಾಡಿರೋರು ಕಾತ್ರಜ್ ಸುರಂಗದಿಂದ ನವಲೆ ಬ್ರಿಡ್ಜ್‌ವರೆಗಿನ ಇಳಿಜಾರಲ್ಲಿ ಮೇನ್ ರೋಡಿಗೆ ಹೋಗ್ಲೇಬೇಡಿ, ಅಲ್ಲಿ ಲಾರಿಗಳು ಬ್ರೇಕ್ ಫೇಲ್ ಆಗಿ ಆಗಿರೋ ಆಕ್ಸಿಡೆಂಟ್ ಒಂದೆರಡಲ್ಲ, ಲೇಟ್ ಆದ್ರೂ ಸರ್ವಿಸ್ ರೋಡ್. ಪೇಠ್ ಏರಿಯಾದಲ್ಲಿ ಪಾರ್ಕಿಂಗ್ ಸಮ ತಾರೀಕಿಗೆ ಒಂದು ಕಡೆ, ಬೆಸ ತಾರೀಕಿಗೆ ಇನ್ನೊಂದು ಕಡೆ, ಪಿ1 ಪಿ2 ಬೋರ್ಡ್ ನೋಡಿ ನಿಲ್ಸಿ, ಇಲ್ಲಾಂದ್ರೆ ಟೋಯಿಂಗ್‌ನವರು ಎತ್ಕೊಂಡು ಹೋಗ್ತಾರೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಟೈರ್ ಸವೆದಿದ್ರೆ ಮೇ ತಿಂಗಳಲ್ಲೇ ಬದಲಾಯ್ಸಿ, ಟ್ಯೂಬ್‌ಲೆಸ್ ಇದ್ರೆ ಒಳ್ಳೇದು. ಶೋರೂಮಲ್ಲಿ ಮರಾಠಿ ತೊಡಕಾದ್ರೆ, ಇಲ್ಲ ಸೆಕೆಂಡ್ ಹ್ಯಾಂಡ್ ನೋಡೋಕೆ ಜೊತೆಗೆ ಒಬ್ರು ಬೇಕಾದ್ರೆ ಸಂಘದ ಗ್ರೂಪಲ್ಲಿ ಎರಡು ದಿನ ಮುಂಚೆ ಹಾಕಿ, ಯಾರಾದ್ರೂ ಬರ್ತಾರೆ. ಕೊಟೇಶನ್ ಫೋಟೋನೂ ಹಾಕಿ, ಅಡ್ವಾನ್ಸ್ ಕೊಡೋಕೆ ಮುಂಚೆ.