ಯುದ್ಧ ಬಿಟ್ಟು ಒಕ್ಕೂಟ ಕಟ್ಟಿದೆ: ಸ್ಟೆಲ್ಲಾರಿಸ್ ಫೆಡರೇಶನ್ಸ್ ಆಡಿದ ನನ್ನ ಅನುಭವ

ಸ್ಟೆಲ್ಲಾರಿಸ್ ಅಂದರೆ ಬಾಹ್ಯಾಕಾಶದಲ್ಲಿ ಸಾಮ್ರಾಜ್ಯ ಕಟ್ಟುವ ಕಂಪ್ಯೂಟರ್ ಗೇಮ್, ಅದರಲ್ಲಿ ಯುದ್ಧ ಗೆಲ್ಲುವುದು ದೊಡ್ಡ ವಿಷಯ ಅಲ್ಲ. ಪಕ್ಕದವನಿಗಿಂತ ಜಾಸ್ತಿ ಅಲಾಯ್, ಅಂದರೆ ಹಡಗು ಕಟ್ಟುವ ಮಿಶ್ರಲೋಹ, ತಯಾರಿಸಿದರೆ ಅರ್ಧ ಗೆದ್ದ ಹಾಗೆ. ನನಗೆ ಬೇಜಾರು ಬಂದದ್ದು ಅದಕ್ಕೇ. ಹಡಗು ಕಟ್ಟು, ಗಡಿ ದಾಟು, ಗ್ರಹಕ್ಕೆ ಸೈನ್ಯ ಇಳಿಸು, ಮತ್ತೆ ಹಡಗು ಕಟ್ಟು. ಸ್ವೀಡನ್ನಿನ ಪ್ಯಾರಡಾಕ್ಸ್ 2016ರ ಮೇ ತಿಂಗಳಲ್ಲಿ ಈ ಗೇಮ್ ತಂದಾಗ ಅದರಲ್ಲಿ ಒಕ್ಕೂಟಗಳೇನೋ ಇದ್ದವು, ಆದರೆ ಕಟ್ಟಿದ ಮೇಲೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಕೆಲಸ ಕೊಟ್ಟದ್ದು ಫೆಡರೇಶನ್ಸ್ ಎಕ್ಸ್‌ಪಾನ್ಶನ್, ಅಂದರೆ ಮೂಲ ಗೇಮ್‌ಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ. ಅದು ಬಂದದ್ದು 2020ರ ಮಾರ್ಚ್ 17ಕ್ಕೆ. ಇನ್ನೊಂದು ವಾರಕ್ಕೆ ನಮ್ಮಲ್ಲಿ ಲಾಕ್‌ಡೌನ್. ಹೊರಗೆ ಯಾರ ಮುಖವನ್ನೂ ನೋಡುವ ಹಾಗಿಲ್ಲ, ಒಳಗೆ ಕೂತು ಅಣಬೆ ಮುಖದ ಜನರ ಜೊತೆ ಒಪ್ಪಂದ ಮಾಡಿಕೊಳ್ಳುವುದು. ಆಗ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಇಲ್ಲಿ ಹೇಳುತ್ತಿರುವುದು ನನಗೆ ತುಂಬಾ ಇಷ್ಟವಾದ ಒಂದು ಆಟದ ಕಥೆ. ಆಗಿನಿಂದ ಈಗಿನವರೆಗೆ ಗೇಮ್ ಎಷ್ಟೋ ಸಲ ಬದಲಾಗಿದೆ. 2025ರ ಮೇ ತಿಂಗಳಲ್ಲಿ ಬಂದ 4.0 ಅಪ್‌ಡೇಟ್ ಅಂತೂ ವ್ಯಾಪಾರ, ಜನಸಂಖ್ಯೆ ಎರಡರ ಲೆಕ್ಕವನ್ನೂ ಬುಡಮೇಲು ಮಾಡಿತು. ನನ್ನ ಆಟ ಅದಕ್ಕೂ ಹಿಂದಿನದು. ಆದರೆ ನಾನು ಹೇಳಬೇಕಾದ್ದು ಆ ಲೆಕ್ಕದ ಬಗ್ಗೆ ಅಲ್ಲ, ರಾಯಭಾರಿಗಳ ಬಗ್ಗೆ.

ಎನ್ವಾಯ್ ಅಂತ ಗೇಮ್ ಕರೆಯುವ ಈ ರಾಯಭಾರಿಗಳು ಎಕ್ಸ್‌ಪಾನ್ಶನ್ ಜೊತೆ ಬಂದ 2.6 ಅಪ್‌ಡೇಟ್‌ನಲ್ಲಿ ಉಚಿತವಾಗಿಯೇ ಎಲ್ಲರಿಗೂ ಸಿಕ್ಕರು. ಖನಿಜ ಬೇಕಾದರೆ ಗಣಿ ತೋಡಬಹುದು, ಆಹಾರ ಕಮ್ಮಿ ಬಿದ್ದರೆ ಮಾರ್ಕೆಟ್‌ನಲ್ಲಿ ಕೊಳ್ಳಬಹುದು. ರಾಯಭಾರಿಯನ್ನು ಎಲ್ಲೂ ಕೊಳ್ಳುವ ಹಾಗಿಲ್ಲ. ಕೈಬೆರಳಿನಲ್ಲಿ ಎಣಿಸುವಷ್ಟು ಜನ, ಮಾಡಿಸಬೇಕಾದ ಕೆಲಸ ಬೇಕಾದಷ್ಟು. ನೆರೆಯವರ ಜೊತೆ ಸಂಬಂಧ ಸುಧಾರಿಸಬೇಕು, ಇಲ್ಲವೇ ಬೇಕಂತಲೇ ಕೆಡಿಸಬೇಕು. ಒಕ್ಕೂಟದ ಒಗ್ಗಟ್ಟು ಕಾಯಬೇಕು. ಸಾಮ್ರಾಜ್ಯಗಳೆಲ್ಲ ಸೇರುವ ಸಭೆಯಾದ ಗ್ಯಾಲಕ್ಟಿಕ್ ಕಮ್ಯುನಿಟಿಯಲ್ಲಿ ಕೂತು ನಮ್ಮ ಮಾತಿನ ತೂಕ ಹೆಚ್ಚಿಸಬೇಕು. 2021ರಲ್ಲಿ ನೆಮೆಸಿಸ್ ಎಂಬ ಇನ್ನೊಂದು ಎಕ್ಸ್‌ಪಾನ್ಶನ್ ಬಂದ ಮೇಲೆ ಹೊಸಬರ ಮೊದಲ ಭೇಟಿಗೂ ಇವರೇ, ಗೂಢಚಾರಿಕೆಗೂ ಇವರೇ.

ಹಾಗಾಗಿ ಆಟ ಶುರು ಮಾಡುವ ಮೊದಲೇ, ಸಾಮ್ರಾಜ್ಯ ರೂಪಿಸುವ ಪರದೆಯಲ್ಲೇ, ನನ್ನ ಲೆಕ್ಕ ಪೂರ್ತಿ ರಾಯಭಾರಿಗಳ ಮೇಲೆ ಇತ್ತು. ಫ್ಯಾನಾಟಿಕ್ ಝೆನೋಫೈಲ್ ಆಯ್ದುಕೊಂಡೆ, ಅಂದರೆ ಹೊರಗಿನವರನ್ನು ಕಂಡರೆ ಪ್ರಾಣ ಬಿಡುವ ಜನ. ಅದರಿಂದ ಇಬ್ಬರು ರಾಯಭಾರಿಗಳು ಜಾಸ್ತಿ. ಡಿಪ್ಲೊಮ್ಯಾಟಿಕ್ ಕೋರ್ ಅನ್ನುವ ಸಿವಿಕ್‌ನಿಂದ, ಅಂದರೆ ಸರ್ಕಾರಕ್ಕೆ ಆಯ್ದುಕೊಳ್ಳುವ ಗುಣದಿಂದ, ಇನ್ನಿಬ್ಬರು. ಸಿದ್ಧಾಂತ ಆಯ್ದುಕೊಳ್ಳಲು ಕೊಡುವ ಎಥಿಕ್ ಅಂಕಗಳಲ್ಲಿ ಉಳಿದ ಒಂದನ್ನು ಪ್ಯಾಸಿಫಿಸ್ಟ್‌ಗೆ, ಅಂದರೆ ಶಾಂತಿವಾದಕ್ಕೆ, ಹಾಕಿದೆ. ಅದನ್ನು ಹಾಕಿಕೊಂಡರೆ ಸುಮ್ನೆ ಆಸೆಗೆ ಬಿದ್ದು ಯಾರ ನೆಲವನ್ನೂ ಕಬಳಿಸುವ ಹಾಗಿಲ್ಲ. ಹಳೇ ಚಟ ಬಿಡಿಸಲು ಅದೇ ಔಷಧಿ ಅಂದುಕೊಂಡೆ. ಎರಡನೇ ಸಿವಿಕ್ ಮರ್ಚೆಂಟ್ ಗಿಲ್ಡ್ಸ್, ವ್ಯಾಪಾರದ ದಾರಿ ಹಿಡಿಯುವುದು ಮೊದಲೇ ನಿಶ್ಚಯವಾಗಿತ್ತಲ್ಲ. ಹೆಸರು ಕದಂಬ ಒಕ್ಕೂಟ. ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿದ್ದು, ಪರವಾಗಿಲ್ಲ. ಹಡಗುಗಳಿಗೆ ಇಕ್ಕೇರಿ, ಬನವಾಸಿ, ಬಾದಾಮಿ ಅಂತ ಹೆಸರಿಟ್ಟಿದ್ದೆ. ಬಾದಾಮಿ ಹೆಸರಿನ ಹಡಗು ಯಾವುದೋ ನೀಹಾರಿಕೆಯಲ್ಲಿ ಕಾಣೆಯಾದರೆ ಆಗುವ ಸಂಕಟವೇ ಬೇರೆ.

ಆರಂಭದ ವರ್ಷಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಆಟ 2200ನೇ ಇಸವಿಗೆ ಶುರು. ಸೈನ್ಸ್ ಶಿಪ್ ಕಳಿಸು, ಸುತ್ತಲಿನ ನಕ್ಷತ್ರ ನೋಡು, ಗಡಿ ಬೆಳೆಸಲು ಔಟ್‌ಪೋಸ್ಟ್ ಹಾಕು. ಎಲ್ಲರೂ ಮಾಡುವುದೇ. ನಾನು ಬೇರೆ ಮಾಡಿದ್ದು ಎರಡೇ. ಸೈನ್ಸ್ ಶಿಪ್‌ಗಳನ್ನು ಆದಷ್ಟು ದೂರ ಓಡಿಸಿದೆ, ಯಾಕೆಂದರೆ ಪರಿಚಯವೇ ಇಲ್ಲದವರ ಜೊತೆ ಒಪ್ಪಂದ ಮಾಡಲಾಗದು. ಟ್ರೆಡಿಶನ್ ಅಂತ ಆಟ ಸಾಗಿದ ಹಾಗೆ ಒಂದೊಂದಾಗಿ ಆಯ್ದುಕೊಳ್ಳುವ ಸೌಲಭ್ಯಗಳಲ್ಲಿ ಡಿಪ್ಲೊಮಸಿಯನ್ನು ಬೇಗ ತೆಗೆದುಕೊಂಡೆ, ಒಕ್ಕೂಟ ಕಟ್ಟುವ ಹಕ್ಕು ಸಿಗುವುದು ಅದರೊಳಗೇ.

ಎಡಕ್ಕೆ ಅಣಬೆಯಂಥ ಜನ, ದೇವರು ದಿಂಡರು ಅಂತ ಇರುವವರು. ಬಲಕ್ಕೆ ಹಕ್ಕಿಗಳು, ಮಿಲಿಟರಿಸ್ಟ್, ಅಂದರೆ ಯುದ್ಧಪ್ರಿಯರು. ಅಣಬೆಗಳನ್ನು ಒಲಿಸಿಕೊಳ್ಳುವುದು ಸುಲಭವಾಯಿತು. ಒಬ್ಬ ರಾಯಭಾರಿಯನ್ನು ಅಲ್ಲೇ ಕೂರಿಸಿದೆ, ಅನಾಕ್ರಮಣ ಒಪ್ಪಂದ ಮಾಡಿದೆ, ಆಮೇಲೆ ವ್ಯಾಪಾರ ಒಪ್ಪಂದ. ಒಪ್ಪಂದ ಇದ್ದಷ್ಟು ಕಾಲ ನಂಬಿಕೆ ತಾನಾಗಿ ಏರುತ್ತಾ ಹೋಗುತ್ತದೆ, ನಾವು ಕಾಯಬೇಕಷ್ಟೇ. ಆದರೆ ಪುಕ್ಕಟೆ ಅಲ್ಲ. ಒಂದೊಂದು ಒಪ್ಪಂದವೂ ತಿಂಗಳು ತಿಂಗಳು ಇನ್‌ಫ್ಲುಯೆನ್ಸ್, ಅಂದರೆ ನಮ್ಮ ಪ್ರಭಾವದ ಅಂಕ, ತಿನ್ನುತ್ತದೆ. ಔಟ್‌ಪೋಸ್ಟ್ ಹಾಕಲು ಬೇಕಾದದ್ದೂ ಅದೇ ಇನ್‌ಫ್ಲುಯೆನ್ಸ್. ಅಂದರೆ ಗೆಳೆತನ ಬೆಳೆಸುವ ವರ್ಷಗಳಲ್ಲಿ ಗಡಿ ಬೆಳೆಯುವುದು ನಿಧಾನ. ನನ್ನ ನಕ್ಷೆ ನೋಡಿದವರಿಗೆ ಅಯ್ಯೋ ಅನಿಸಬೇಕು, ಅಷ್ಟು ಚಿಕ್ಕದಾಗಿತ್ತು.

ಅಣಬೆಗಳು ಒಪ್ಪಿದ ಮೇಲೆ ಟ್ರೇಡ್ ಲೀಗ್ ಕಟ್ಟಿದೆ. ಎಕ್ಸ್‌ಪಾನ್ಶನ್ ಇಲ್ಲದಿದ್ದರೆ ಸಿಗುವುದು ಗ್ಯಾಲಕ್ಟಿಕ್ ಯೂನಿಯನ್ ಎಂಬ ಸಾದಾ ಒಕ್ಕೂಟ. ದುಡ್ಡು ಕೊಟ್ಟರೆ ಟ್ರೇಡ್ ಲೀಗ್, ರಿಸರ್ಚ್ ಕೋಆಪರೇಟಿವ್, ಮಾರ್ಷಿಯಲ್ ಅಲಯನ್ಸ್, ಹೋಲಿ ಕವೆನಂಟ್, ಹೆಜೆಮನಿ ಇವೆಲ್ಲ ತೆರೆದುಕೊಳ್ಳುತ್ತವೆ. ಟ್ರೇಡ್ ಲೀಗ್‌ನ ಸೊಗಸು ಅದರ ವ್ಯಾಪಾರ ನೀತಿಯಲ್ಲಿದೆ. ಆಗ ಬೇರೆಯವರು ವ್ಯಾಪಾರದಿಂದ ಬರೀ ಎನರ್ಜಿ (ಆಗಿನ ಆಟದ ದುಡ್ಡು) ತೆಗೆಯಬೇಕಿತ್ತು, ಇಲ್ಲವೇ ಅದರಲ್ಲಿ ಒಂದು ಪಾಲನ್ನು ಜನ ಬಳಸುವ ಸಾಮಾನಾದ ಕನ್‌ಸ್ಯೂಮರ್ ಗೂಡ್ಸ್‌ಗೋ, ಟ್ರೆಡಿಶನ್ ಕೊಳ್ಳಲು ಬೇಕಾದ ಯೂನಿಟಿಗೋ ತಿರುಗಿಸಬೇಕಿತ್ತು. ನಮಗೆ ಮೂರೂ ಒಟ್ಟಿಗೆ ಬರುತ್ತಿದ್ದವು. ಕಾರ್ಖಾನೆ ಕಮ್ಮಿ ಸಾಕು, ದೇವಸ್ಥಾನ ಕಮ್ಮಿ ಸಾಕು. ಮಿಕ್ಕ ಜನರನ್ನೆಲ್ಲ ಸಂಶೋಧನೆಗೆ ಕಳಿಸಿದೆ.

ಇನ್ನು ಹಕ್ಕಿಗಳ ವಿಷಯ. ಅವರನ್ನು ಸೇರಿಸಿಕೊಂಡರೆ ಒಗ್ಗಟ್ಟು ಕುಸಿಯುತ್ತದೆ ಅನ್ನುವುದು ಕರೆಯುವ ಮೊದಲೇ ಗೊತ್ತಿತ್ತು. ಒಕ್ಕೂಟದ ಪರದೆಯಲ್ಲಿ ಕೊಹೆಶನ್ ಅಂತ ಒಂದು ಅಳತೆ ಇದೆ, ಮೈನಸ್ ನೂರರಿಂದ ಪ್ಲಸ್ ನೂರರವರೆಗೆ. ಅದರ ಮೇಲೆ ಮೌಸ್ ಇಟ್ಟರೆ ತಿಂಗಳ ಲೆಕ್ಕವೆಲ್ಲ ಕಾಣುತ್ತದೆ: ಸದಸ್ಯರ ಸಂಖ್ಯೆಗೆ ಇಷ್ಟು ಕಡಿತ, ಸಿದ್ಧಾಂತ ತಾಳೆಯಾಗದ್ದಕ್ಕೆ ಇಷ್ಟು ಕಡಿತ, ರಾಯಭಾರಿಗಳಿಂದ ಇಷ್ಟು ಏರಿಕೆ. ಒಗ್ಗಟ್ಟು ಮೇಲಿದ್ದರೆ ಒಕ್ಕೂಟದ ಅನುಭವ ಕೂಡುತ್ತದೆ, ಒಂದರಿಂದ ಐದನೇ ಮಟ್ಟದವರೆಗೆ ಏರುತ್ತದೆ, ಏರಿದ ಹಾಗೆ ಸೌಲಭ್ಯ. ಕೆಳಗಿಳಿದರೆ ಕೂಡಿಟ್ಟದ್ದು ಕರಗುತ್ತದೆ. ಒಂಥರಾ ಚೀಟಿ ವ್ಯವಹಾರ: ಜನ ಜಾಸ್ತಿ ಆದಷ್ಟೂ ಮೊತ್ತ ದೊಡ್ಡದು, ತಲೆನೋವೂ ದೊಡ್ಡದು.

ನಾವು ಪ್ಯಾಸಿಫಿಸ್ಟ್, ಅವರು ಮಿಲಿಟರಿಸ್ಟ್. ತಾಳೆ ಆಗುವುದಾದರೂ ಹೇಗೆ? ಆದರೂ ಕರೆದೆ. ಅವರ ಆಚೆಗೆ ಫ್ಯಾನಾಟಿಕ್ ಪ್ಯೂರಿಫೈಯರ್ ಇದ್ದರು, ತಮ್ಮವರನ್ನು ಬಿಟ್ಟು ಬೇರೆ ಯಾವ ಜೀವಿಯೂ ಬದುಕಬಾರದು ಅನ್ನುವ ಜನ. ಮಾತುಕತೆಗೆ ಅವಕಾಶವೇ ಇಲ್ಲ. ನಮ್ಮಿಬ್ಬರ ನಡುವೆ ಹಕ್ಕಿಗಳ ನೌಕಾಪಡೆ ನಿಂತಿರಲಿ ಅನ್ನುವುದು ನನ್ನ ಲೆಕ್ಕ. ಆ ಕಾವಲಿಗೆ ನಾನು ಕೊಟ್ಟ ಬೆಲೆ ರಾಯಭಾರಿಗಳು. ಬೇರೆ ಕಡೆಯಿಂದ ಇಬ್ಬರನ್ನು ಎತ್ತಿ ಒಕ್ಕೂಟಕ್ಕೆ ಹಾಕಿದೆ, ಅಳತೆ ಮತ್ತೆ ಸೊನ್ನೆ ದಾಟಿ ಹಸಿರಿಗೆ ಬಂತು.

ಒಕ್ಕೂಟದ ಕಾನೂನುಗಳನ್ನು ಒಂದೊಂದಾಗಿ ಓದುವ ತಾಳ್ಮೆ ಬಹಳ ಜನಕ್ಕೆ ಇರುವುದಿಲ್ಲ, ಆದರೆ ಆಟ ಇರುವುದೇ ಅಲ್ಲಿ. ಯುದ್ಧ ಸಾರಲು ಎಲ್ಲರ ಒಪ್ಪಿಗೆ ಬೇಕೋ, ಬಹುಮತ ಸಾಕೋ, ಅಧ್ಯಕ್ಷ ಒಬ್ಬನೇ ಸಾಕೋ ಅನ್ನುವ ಕಾನೂನು ಒಂದಿದೆ. ನಾನು ಅದನ್ನು ಎಲ್ಲರ ಒಪ್ಪಿಗೆಯಲ್ಲೇ ಬಿಟ್ಟೆ. ಬಹುಮತ ಅಂತ ಮಾಡಿದ್ದರೆ ಹಕ್ಕಿಗಳು ಅಣಬೆಗಳನ್ನು ಒಪ್ಪಿಸಿ ನನ್ನನ್ನು ಯಾವುದಾದರೂ ಯುದ್ಧಕ್ಕೆ ಎಳೆದೇ ಎಳೆಯುತ್ತಿದ್ದರು. ಮೇಲಿಂದ ಮೇಲೆ ಯುದ್ಧದ ಪ್ರಸ್ತಾಪ ಬರುತ್ತಲೇ ಇತ್ತು, ನಾನು ಬೇಡ ಅನ್ನುತ್ತಲೇ ಇದ್ದೆ. ಅಧ್ಯಕ್ಷ ಸ್ಥಾನ ಸರದಿಯ ಮೇಲೆ ಬರುವ ಹಾಗೆ ಮಾಡಿದ್ದು ಬರೀ ಅವರ ಸಮಾಧಾನಕ್ಕೆ. ಒಕ್ಕೂಟದ ಜಂಟಿ ನೌಕಾಪಡೆ ಅಧ್ಯಕ್ಷನ ಕೈಯಲ್ಲಿರುತ್ತದೆ, ಅದರ ಹಡಗುಗಳ ವಿನ್ಯಾಸವೂ ಅವನದ್ದೇ. ಹಕ್ಕಿಗಳ ಸರದಿ ಬಂದಾಗ ಜಂಟಿ ಪಡೆ ಸುಮ್ನೆ ಆ ಕಡೆ ಈ ಕಡೆ ಅಲೆಯುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಎಐ, ಅಂದರೆ ಕಂಪ್ಯೂಟರ್ ಆಡಿಸುವ ಸಾಮ್ರಾಜ್ಯಗಳು, ಮಾಡುವ ಹಡಗುಗಳ ಬಗ್ಗೆ ಮಾತಾಡದಿರುವುದೇ ಒಳ್ಳೆಯದು.

ಇಷ್ಟರಲ್ಲಿ ಗ್ಯಾಲಕ್ಟಿಕ್ ಕಮ್ಯುನಿಟಿ ಹುಟ್ಟಿತು. ಇದು ಬಾಹ್ಯಾಕಾಶದ ವಿಶ್ವಸಂಸ್ಥೆ ಅಂದರೂ ಇಲ್ಲಿ ಎಲ್ಲರ ಮತಕ್ಕೂ ಸಮಾನ ಬೆಲೆ ಇಲ್ಲ. ಜನಸಂಖ್ಯೆ, ತಂತ್ರಜ್ಞಾನ, ಆರ್ಥಿಕತೆ, ನೌಕಾಬಲ ಎಲ್ಲ ಕೂಡಿಸಿ ಒಬ್ಬೊಬ್ಬರಿಗೂ ಒಂದು ತೂಕ ಬರುತ್ತದೆ. ದೊಡ್ಡವನ ಮಾತೇ ದೊಡ್ಡದು.

ಒಂದು ಮತದಾನ ಇವತ್ತಿಗೂ ನೆನಪಿದೆ. ನಕ್ಷೆಯ ಆ ತುದಿಯಲ್ಲಿ ಗುಲಾಮರ ವ್ಯಾಪಾರ ಮಾಡುವ ಒಂದು ದೊಡ್ಡ ಸಾಮ್ರಾಜ್ಯ ಇತ್ತು. ಗುಲಾಮರ ಮಾರಾಟ ನಿಷೇಧಿಸುವ ನಿರ್ಣಯವನ್ನು ನಾನು ಮಂಡಿಸಿದೆ. ಮಂಡಿಸುವುದಕ್ಕೂ ಇನ್‌ಫ್ಲುಯೆನ್ಸ್ ಬೇಕು. ಸರದಿಯಲ್ಲಿ ಯಾವುದಕ್ಕೆ ಬೆಂಬಲದ ತೂಕ ಜಾಸ್ತಿಯೋ ಅದು ಮುಂದೆ ಬರುತ್ತದೆ, ಒಂದು ಸಲಕ್ಕೆ ಒಂದೇ ನಿರ್ಣಯ ಸದನದಲ್ಲಿ. ನನ್ನದು ಬಂತು. ಎಡಗಡೆ ಹಸಿರು ಪಟ್ಟಿ, ಬಲಗಡೆ ಕೆಂಪು ಪಟ್ಟಿ. ಕೆಂಪು ಉದ್ದ. ಗುಲಾಮರ ಒಡೆಯ ಒಬ್ಬನೇ ನಮ್ಮ ಮೂವರಷ್ಟು ತೂಗುತ್ತಿದ್ದ, ಮೇಲೆ ಅವನ ಗೆಳೆಯರು ಬೇರೆ.

ಗೇಮ್ ನಿಲ್ಲಿಸಿ ಪಟ್ಟಿ ಪೂರ್ತಿ ನೋಡಿದೆ. ಮಧ್ಯಮ ಗಾತ್ರದ ಎರಡು ಸಾಮ್ರಾಜ್ಯಗಳು ಯಾವ ಕಡೆಗೂ ಇರಲಿಲ್ಲ, ತಟಸ್ಥ. ಅವರ ಜೊತೆ ಗಡಿಯೂ ಇಲ್ಲ, ಜಗಳವೂ ಇಲ್ಲ. ವ್ಯಾಪಾರದ ಪರದೆ ತೆರೆದರೆ ಅಲ್ಲಿ ಖನಿಜ, ಆಹಾರ, ಎನರ್ಜಿ ಜೊತೆಗೆ ಫೇವರ್ ಅನ್ನುವುದೂ ಮಾರಾಟಕ್ಕಿದೆ. ಅಂದರೆ ಋಣ. ಒಂದು ಫೇವರ್ ಕೊಂಡರೆ ಆ ಸಾಮ್ರಾಜ್ಯ ನಮಗೆ ಒಂದು ಉಪಕಾರ ಬಾಕಿ ಇಟ್ಟುಕೊಂಡ ಹಾಗೆ, ಮತದಾನದಲ್ಲಿ ಅದನ್ನು ವಸೂಲಿ ಮಾಡಿದರೆ ಅವರ ತೂಕದಲ್ಲಿ ಒಂದು ಪಾಲು ನಮ್ಮ ಕಡೆ ಬೀಳುತ್ತದೆ. ನನ್ನ ಖಜಾನೆಯಲ್ಲಿ ಟ್ರೇಡ್ ಲೀಗ್ ದಯೆಯಿಂದ ಎನರ್ಜಿ ತುಂಬಿ ತುಳುಕುತ್ತಿತ್ತು. ಅದನ್ನೆಲ್ಲ ಸುರಿದು ಇಬ್ಬರಿಂದಲೂ ಸಿಕ್ಕಷ್ಟು ಫೇವರ್ ಕೊಂಡೆ, ಅಧಿವೇಶನ ಮುಗಿಯುವ ಮೊದಲು ಎಲ್ಲವನ್ನೂ ವಸೂಲಿ ಮಾಡಿದೆ. ಹಸಿರು ಪಟ್ಟಿ ಒಂದು ಕೂದಲೆಳೆ ಮುಂದೆ ಹೋಯಿತು. ನಿರ್ಣಯ ಪಾಸ್. ಮನೆಯಲ್ಲಿ ಎಲ್ಲರೂ ಮಲಗಿದ್ದರು, ಕೂಗುವ ಹಾಗಿರಲಿಲ್ಲ.

ಇಲ್ಲಿ ಒಂದು ಮಾತು. ನ್ಯಾಯದ ಪರವಾಗಿ ಗೆದ್ದೆ ಅಂತ ಎದೆ ಉಬ್ಬಿಸಿಕೊಂಡೆನಾದರೂ ಗೆದ್ದದ್ದು ಓಟು ಕೊಂಡು. ಗೇಮ್ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಒಂದು ಬಟನ್ ಇಟ್ಟಿದೆ. ನನಗೆ ಈ ಎಕ್ಸ್‌ಪಾನ್ಶನ್ ಇಷ್ಟವಾಗುವುದೇ ಇಂಥದ್ದಕ್ಕೆ.

ಇದೇ ಎಕ್ಸ್‌ಪಾನ್ಶನ್‌ನಲ್ಲಿ ಬಂದ ಜಗ್ಗರ್‌ನಾಟ್, ಮೆಗಾ ಶಿಪ್‌ಯಾರ್ಡ್ ಬಗ್ಗೆಯೂ ಕೇಳುವವರಿದ್ದಾರೆ. ಮೊದಲನೆಯದು ಓಡಾಡುವ ದೈತ್ಯ ಹಡಗುಕಟ್ಟೆ, ಶತ್ರುವಿನ ಗಡಿಯೊಳಗೇ ರಿಪೇರಿ ಮಾಡಿಕೊಳ್ಳಬಹುದು. ಎರಡನೆಯದು ಒಂದೇ ಕಡೆ ಒಟ್ಟೊಟ್ಟಿಗೆ ಹಡಗು ಕಟ್ಟುವ ಮಹಾ ಕಾರ್ಖಾನೆ. ಜಾಹೀರಾತಿನ ಚಿತ್ರಕ್ಕೆ ಚೆನ್ನಾಗಿವೆ. ಎರಡೂ ಕೈಗೆ ಸಿಗುವಷ್ಟರಲ್ಲಿ ಆಟದ ಗತಿ ನಿರ್ಧಾರವಾಗಿರುತ್ತದೆ. ಆರಿಜಿನ್‌ಗಳು, ಅಂದರೆ ನಮ್ಮ ಜನ ಆಟ ಶುರು ಮಾಡುವ ಹಿನ್ನೆಲೆಗಳು, ಮಾತ್ರ ಅಪ್ಪಟ ಚಿನ್ನ. ಗ್ರಹವೇ ಇಲ್ಲದೆ ಬಾಹ್ಯಾಕಾಶ ನಿಲ್ದಾಣಗಳಲ್ಲಿ ಶುರು ಮಾಡುವ ವಾಯ್ಡ್ ಡ್ವೆಲ್ಲರ್ಸ್, ತಾಯಿಗ್ರಹ ಸಿಡಿಯುವ ಮೊದಲು ಜನರನ್ನು ಹೊರಗೆ ಸಾಗಿಸಬೇಕಾದ ಡೂಮ್ಸ್‌ಡೇ, ಇವೆರಡಕ್ಕೇ ದುಡ್ಡು ಕೊಡಬಹುದು.

ಕೊನೆಯ ಕಾಲದಲ್ಲಿ ಅನ್‌ಬಿಡನ್ ಬಂದರು, ಬೇರೆ ಆಯಾಮದಿಂದ ಬಾಗಿಲು ತೆರೆದುಕೊಂಡು ನುಗ್ಗುವ ಜೀವಿಗಳು. ಬಂದದ್ದು ಗುಲಾಮರ ಒಡೆಯನ ಅಂಗಳಕ್ಕೇ. ಅವನು ಮುಳುಗಲಿ ಅಂತ ಒಂದು ಕ್ಷಣ ಅನಿಸಿದ್ದು ನಿಜ. ಆದರೆ ಅವನು ಮುಳುಗಿದ ಮೇಲೆ ನಮ್ಮ ಸರದಿ. ಆ ಹೊತ್ತಿಗೆ ಅಧ್ಯಕ್ಷ ಸ್ಥಾನ ನನ್ನ ಕೈಯಲ್ಲಿತ್ತು. ಅನ್‌ಬಿಡನ್ ಹಡಗುಗಳಿಗೆ ಶೀಲ್ಡ್ (ಶಕ್ತಿಯ ಗುರಾಣಿ) ಜಾಸ್ತಿ, ಆರ್ಮರ್ (ಗಟ್ಟಿ ಕವಚ) ಇಲ್ಲವೇ ಇಲ್ಲ. ಜಂಟಿ ಪಡೆಯ ಲೇಸರ್‌ಗಳನ್ನೆಲ್ಲ ಕಿತ್ತು ಶೀಲ್ಡ್ ಒಡೆಯುವ ಕೈನೆಟಿಕ್ ಫಿರಂಗಿ ಹಾಕಿಸಿದೆ. ಹಕ್ಕಿಗಳ ಸ್ವಂತ ಪಡೆಯೂ ಜೊತೆಗೆ ಹೊರಟಿತು. ಅಷ್ಟು ವರ್ಷ ಯುದ್ಧ ಬೇಡ ಅನ್ನಿಸಿಕೊಂಡು ಕೂತಿದ್ದವರಲ್ವಾ, ಎಲ್ಲರಿಗಿಂತ ಮೊದಲು ತಲುಪಿದವರೂ ಅವರೇ, ಜಾಸ್ತಿ ಹಡಗು ಕಳೆದುಕೊಂಡವರೂ ಅವರೇ. ಈ ಹಂತದಲ್ಲಿ ಗೇಮ್ ಆಮೆಯ ಹಾಗೆ ತೆವಳುತ್ತದೆ, ಲ್ಯಾಪ್‌ಟಾಪ್ ಮೇಲೆ ರೊಟ್ಟಿ ಬೇಯಿಸಬಹುದು. ಗ್ಯಾಲಕ್ಸಿಯ ಗಾತ್ರವನ್ನು ಶುರುವಿನಲ್ಲೇ ಚಿಕ್ಕದಾಗಿ ಇಟ್ಟುಕೊಳ್ಳಿ.

ಕೊಳ್ಳುವವರಿಗೆ: ಪೂರ್ತಿ ಬೆಲೆ ಕೊಡಬೇಡಿ, ಸ್ಟೀಮ್‌ನಲ್ಲಿ ಸೇಲ್ ಬರುತ್ತಲೇ ಇರುತ್ತದೆ. ನೀವು ಇನ್ನೂ ಬರೀ ಮೂಲ ಗೇಮ್ ಆಡುತ್ತಿದ್ದರೆ ಮೊದಲು 2017ರ ಯುಟೋಪಿಯಾ ತಗೊಳ್ಳಿ, ಎರಡನೆಯದಾಗಿ ಫೆಡರೇಶನ್ಸ್. ಯುದ್ಧ ಬಿಟ್ಟು ಬೇರೇನೂ ಬೇಡ ಅನ್ನುವವರು 2018ರ ಅಪೊಕ್ಯಾಲಿಪ್ಸ್ ನೋಡಬಹುದು, ಅದರಲ್ಲಿ ಗ್ರಹಗಳನ್ನೇ ಒಡೆಯುವ ಹಡಗುಗಳಿವೆ.

ನಾನು ಈಗ ಹೆಜೆಮನ್ ಆರಿಜಿನ್ ಹಿಡಿದಿದ್ದೇನೆ. ಮೊದಲ ದಿನದಿಂದಲೇ ಎರಡು ಸಾಮ್ರಾಜ್ಯಗಳು ಕೈಕೆಳಗೆ, ಒಕ್ಕೂಟ ಸಿದ್ಧವಾಗಿಯೇ ಇರುತ್ತದೆ. ಇಬ್ಬರಲ್ಲಿ ಒಬ್ಬನಿಗೆ ನನ್ನನ್ನು ಕಂಡರೆ ಆಗುವುದಿಲ್ಲ. ಅವನ ಮೇಲೆ ಒಬ್ಬ ರಾಯಭಾರಿಯನ್ನು ಬಿಟ್ಟಿದ್ದೇನೆ, ಇನ್ನೂ ಕರಗಿಲ್ಲ.